ಆಣೆ ಇಡದವಳ ಅಡ್ಡಿಕೆ

ಮಾಡದ ಕಳ್ಳತನಕ್ಕೆ ಗೌರಿ ಹಬ್ಬದಿಂದ ಶಿವರಾತ್ರಿ ಕಳೆಯುವವರೆಗೂ ಕಳ್ಳಿ ಅನ್ನಿಸಿಕೊಂಡವಳು ನಾನು. ಬೆಟ್ಟದಪುರದ ಮಲ್ಲಿಕಾರ್ಜುನಸ್ವಾಮಿ ಆ ಹೆಸರಿನಿಂದ ನನ್ನನ್ನು ಪಾರು ಮಾಡಿದ ಬಗೆಯನ್ನು ಭಕ್ತ ಬಂಧುಗಳಿಗೆ ತಿಳಿಸಬೇಕೆಂದು ಬರೆಯುತ್ತಿದ್ದೇನೆ. ಅವನನ್ನು ನಾನು ಅತ್ತು ಬೇಡಲಿಲ್ಲ, ಜಗಳವಾಡಿದೆ. ಅದನ್ನೂ ಮುಚ್ಚಿಡುವುದಿಲ್ಲ.

ನನ್ನ ತವರು ಕಟ್ಟೆಮಳಲವಾಡಿ, ಸೇರಿದ ಮನೆ ಚುಂಚನಕಟ್ಟೆ. ರಾಜ್ಯ ಏಕೀಕರಣವಾದ ಮರುವರ್ಷದ ಗೌರಿ ಹಬ್ಬ. ನಮ್ಮ ಮನೆಯ ಹೆಂಗಸರು ಹೊಳೆದಂಡೆಯಲ್ಲೇ ಒದ್ದೆ ಮರಳಿನಿಂದ ಗೌರಮ್ಮನನ್ನು ಮಾಡಿ, ಅರಿಸಿನ ಬಳಿದು, ಮೈಮೇಲಿನ ಒಡವೆಗಳನ್ನೇ ಬಿಚ್ಚಿ ತೊಡಿಸಿ ಪೂಜಿಸುವುದು ವಾಡಿಕೆ. ಆರತಿಯಾದ ಮೇಲೆ ಒಡವೆ ತೆಗೆದುಕೊಂಡು, ಬಂಡೆಗಳ ನಡುವಿನ ಮಡುವಿಗೆ ತಾಯಿಯನ್ನು ಬಿಡುತ್ತೇವೆ. ಒಡವೆ ತೆಗೆಯುವ ಕೆಲಸ ಸೊಸೆಯಾದ ನನ್ನದು. ಗೌರಮ್ಮನ ಕೊರಳು ಬರಿದಾಗಿತ್ತು. ಅಲ್ಲಿ ತೊಡಿಸಿದ್ದ ಚಿನ್ನದ ಅಡ್ಡಿಕೆಯನ್ನು ನಾದಿನಿ ಪುಟ್ಟಮ್ಮಣ್ಣಿಯೇ ತೆಗೆದುಕೊಂಡಿರಬೇಕು ಅಂದುಕೊಂಡು, ಮಿಕ್ಕ ಒಡವೆಗಳನ್ನು ಸೆರಗಿಗೆ ಕಟ್ಟಿಕೊಂಡೆ. ಅಡ್ಡಿಕೆ ಅವಳದು. ಮನೆಗೆ ಬಂದು ಗಂಟು ಬಿಚ್ಚಿದಾಗ, ನನ್ನ ಸರ ಎಲ್ಲಿ ಎಂದು ಅವಳು ನನ್ನನ್ನೇ ಕೇಳಿದಳು.

ಸಂಜೆಗೆ ಅತ್ತೆ ಕರೆದರು. “ದ್ಯಾವರ ಮನೇಲಿ ಕರ್ಪೂರ ಅಚ್ಚಿವ್ನಿ. ಅದನ್ನ ಆರ್ಸಿ, ತಕ್ಕಂಡಿಲ್ಲ ಅಂತ ಆಣೆ ಮಾಡು. ಅಲ್ಲಿಗೆ ಮುಗೀತು.”

“ಎಲ್ರೂ ಹೊಳೆತಾವ ಇದ್ರು. ನನ್ನೊಬ್ಳುನ್ನೇ ಯಾಕೆ ಕೇಳ್ತೀರಿ?”

“ನೀನು ಬ್ಯಾರೆ ಮನೆಯಿಂದ ಬಂದೋಳು, ಅದಕ್ಕೆ.”

ನನ್ನ ಮೈ ಉರಿದುಹೋಯಿತು. “ಅಂಗಾರೆ ಆಣೆ ಮಾಡಾಕಿಲ್ಲ ಬುಡಿ. ನನ್ನ ಮಾತು ನಂಬದೋರು ಕರ್ಪೂರಾನ ನಂಬೋದು ಯಾವ ಸೀಮೆ ನ್ಯಾಯ?” ಅಂದೆ.

ಆಣೆ ಇಡದವಳು ಕಳ್ಳಿ ಎಂದು ಬೀದಿಯೇ ತೀರ್ಮಾನಿಸಿತು. ನನಗೆ ದೇವರ ಮನೆಯ ಬಾಗಿಲು ಮುಚ್ಚಿತು. ನೀರು ಸೇದುವ ಕಡೆ ಹೆಂಗಸರು ನನ್ನನ್ನು ಕಂಡು ಕತ್ತಿನ ಸರ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನನ್ನ ಯಜಮಾನರು ಮಾತ್ರ, “ನೀನು ತಕ್ಕಂಡಿಲ್ಲ ಅಂತ ನಂಗೊತ್ತು ಕಣೆ. ಅವ್ವಂಗೆ ಯೋಳೋ ದೈರ್ಯ ಇಲ್ಲ,” ಎಂದರು. ಅಪ್ಪ ಕರೆದುಕೊಂಡು ಹೋಗಲು ಬಂದರೂ ನಾನು ತವರಿಗೆ ಹೋಗಲಿಲ್ಲ. ಹೋಗಿದ್ದರೆ ಕದ್ದು ಓಡಿದಳು ಅನ್ನುತ್ತಿದ್ದರು. ಹೊಳೆ ಇಳಿದ ಮೇಲೆ ದಿನಾ ಜರಡಿ ಹಿಡಿದು ಮರಳು ಸೋಸಿದೆ. ಉಗುರು ಸವೆದವು, ಏನೂ ಸಿಗಲಿಲ್ಲ.

ಶಿವರಾತ್ರಿ ಕಳೆದ ಸೋಮವಾರ ಯಜಮಾನರ ಜೊತೆ ಬೆಟ್ಟದಪುರಕ್ಕೆ ಹೋಗಿ ಬೆಟ್ಟ ಹತ್ತಿದೆ. ಹಣ್ಣುಕಾಯಿ ಒಯ್ದಿರಲಿಲ್ಲ. ಸ್ವಾಮಿಯ ಮುಂದೆ ನಿಂತು ಮನಸ್ಸಿನಲ್ಲೇ ಹೇಳಿದೆ: “ನಿನಗೆ ಎಲ್ಲ ಗೊತ್ತು. ಗೊತ್ತಿದ್ದೂ ಸುಮ್ಮನೆ ಕೂತಿದ್ದೀಯ. ನಾನು ಆಣೆ ಇಡುವುದಿಲ್ಲ. ಸಾಕ್ಷಿ ಹೇಳಬೇಕಾದವನು ನೀನು. ಹೇಳದಿದ್ದರೆ ಇನ್ನು ಈ ಬೆಟ್ಟಕ್ಕೆ ನನ್ನ ಕಾಲು ಇಡಿಸಬೇಡ.” ತೀರ್ಥವನ್ನೂ ತೆಗೆದುಕೊಳ್ಳದೆ ಇಳಿದುಬಿಟ್ಟೆ. ಕಣ್ಣಲ್ಲಿ ನೀರಿತ್ತು, ಕೋಪ ಅದಕ್ಕಿಂತ ಹೆಚ್ಚಿತ್ತು.

ವಾಪಸು ಬರುವ ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನವರ ತೊಡೆಯ ಮೇಲೆ ಉದ್ದನೆಯ ಮರದ ಪೆಟ್ಟಿಗೆ. ಅವರು ಕೊಡಗಿನ ಕಡೆಯ, ಮಿಲಿಟರಿಯಲ್ಲಿದ್ದ ಮಾಜಿ ಜಮಾದಾರರು. ಯುದ್ಧದಲ್ಲಿ ನೆಲದೊಳಗೆ ಹುಗಿದ ಸಿಡಿಗುಂಡು ಹುಡುಕುತ್ತಿದ್ದ ಯಂತ್ರ ಅದರೊಳಗಿತ್ತು. ಮಿಲಿಟರಿ ಹರಾಜಿನಲ್ಲಿ ಕೊಂಡದ್ದಂತೆ. ಪ್ರವಾಹ ಹುಗಿದುಹಾಕಿದ ತೂಬಿನ ಕಬ್ಬಿಣ ಹುಡುಕಲು ನಮ್ಮೂರಿಗೇ ಹೊರಟಿದ್ದರು. ಯಜಮಾನರು ಕೇಳಿದರು: “ಬಂಗಾರ ಇದ್ರೂ ಗೊತ್ತಾಯ್ತದಾ?”

“ಬಂಗಾರ, ಬೀಗ, ಕೊಡಲಿ ಎಲ್ಲದಕ್ಕೂ ಕೂಗುತ್ತದೆ. ಯಾವುದು ಅಂತ ಅಗೆದೇ ನೋಡಬೇಕು,” ಅಂದರು ಜಮಾದಾರರು.

ಅಡ್ಡಿಕೆಯ ಕಥೆ ಕೇಳಿ ಹುಡುಕಿಕೊಡಲು ಒಪ್ಪಿದರು. ಮಾರನೆಯ ಬೆಳಿಗ್ಗೆ ಅವರು ಯಂತ್ರದ ಸದ್ದು ಕೇಳಿಸುವ ತಟ್ಟೆಗಳನ್ನು ಕಿವಿಗೆ ಹಾಕಿಕೊಂಡು, ಉದ್ದ ಕೋಲಿನ ತುದಿಯ ಬಿಲ್ಲೆಯನ್ನು ಹೊಳೆಯ ಮರಳಿನ ಮೇಲೆ ಆಡಿಸುತ್ತ ನಡೆದರು. ಬೀದಿಗೆ ಬೀದಿಯೇ ಬಂತು, ಅತ್ತೆಯೂ ಬಂದರು. ಮೊದಲು ಸಿಕ್ಕಿದ್ದು ಮುರುಕಲು ಗುದ್ದಲಿ, ಆಮೇಲೆ ಹೊಳೆಗೆ ಎಸೆದ ಕಾಸುಗಳು. “ಮಿಲ್ಟ್ರಿಯೋರು ನಮ್ಮೂರ ಗುಜ್ರಿ ಎಲ್ಲ ಎತ್ತಿಕೊಡ್ತಾವ್ರೆ ಕಣ್ರಲಾ,” ಎಂದು ಯಾರೋ ನಕ್ಕರು. ನಾನು ಕಿವಿಗೆ ಹಾಕಿಕೊಳ್ಳದೆ ಜಮಾದಾರರನ್ನು ಬಂಡೆಗಳ ನಡುವಿನ ಮಡುವಿಗೆ ಕರೆದೊಯ್ದೆ. ಬೇಸಿಗೆಗೆ ಅದು ಬತ್ತಿ ಮರಳು ಮೆತ್ತಿಕೊಂಡಿತ್ತು. ಮೂಲೆಯಲ್ಲಿ ಯಂತ್ರ ಕೂಗಿತು. ಬಾಗಿ ಅಗೆದವಳು ನಾನೇ. ಮೊಣಕೈ ಮುಳುಗುವಷ್ಟು ಆಳದಲ್ಲಿ ಬೆರಳಿಗೆ ಅಡ್ಡಿಕೆ ಸಿಕ್ಕಿತು.

ಅತ್ತೆ ಬಂಡೆಯ ಮೇಲೆ ಕುಳಿತು ನಿಧಾನವಾಗಿ ಹೇಳಿದರು: “ಗೌರಮ್ಮನ ಕತ್ತು ಬಿಸ್ಲಿಗೆ ಬಿರುಕು ಬುಟ್ಟಿತ್ತು ಕಣವ್ವ. ಅಪಸಕುನ ಅಂತ ಯಾರ್ಗೂ ಯೋಳ್ದೆ ನಾನೇ ಒದ್ದೆ ಮಳ್ಳು ಮೆತ್ತಿ ಅರಿಸ್ನ ಬಳುದ್ಬುಟ್ಟೆ. ಕೆಳಗೆ ಅಡ್ಡಿಕೆ ಐತೆ ಅನ್ನೋದು ಗ್ಯಾನಕ್ಕೇ ಬರ್ಲಿಲ್ಲ.” ಆಮೇಲೆ ನನ್ನ ಕೈ ಹಿಡಿದು, “ನಡಿ, ದ್ಯಾವರ ಮನೇಲಿ ದೀಪ ಅಚ್ಚುವಂತೆ,” ಎಂದರು.

“ಬತ್ತೀನಿ. ಮೊದ್ಲು ನಾನು ಕಳ್ಳಿ ಅಲ್ಲ ಅಂತ ಇಲ್ಲೇ ಯೋಳಿ, ಎಲ್ರಿಗೂ ಕೇಳೋ ಅಂಗೆ,” ಎಂದೆ.

ಅವರು ಎದ್ದು ನಿಂತು ಹೇಳಿದರು. ಆಗಲೇ ನಾನು ಅತ್ತದ್ದು.

ಮುಂದಿನ ಸೋಮವಾರ ಬೆಟ್ಟ ಹತ್ತಿ, ಬಿಟ್ಟುಬಂದಿದ್ದ ತೀರ್ಥವನ್ನು ಕೇಳಿ ಕುಡಿದೆ. ನನ್ನ ಜಗಳಕ್ಕೆ ಮುನಿಸಿಕೊಳ್ಳದೆ, ಕೆಳಗಿಳಿಯುವಷ್ಟರಲ್ಲಿ ಅದೇ ಬಸ್ಸಿಗೆ ಆ ಪುಣ್ಯಾತ್ಮರನ್ನು ಹತ್ತಿಸಿದ ತಂದೆ ಅವನು. ಅವನ ಮೇಲಿನ ನನ್ನ ನಂಬಿಕೆಯನ್ನು ಇನ್ನು ಯಾರೂ ಅಲುಗಿಸಲಾರರು. ಮೊನ್ನೆ ಮನೆಯಲ್ಲಿ ಬೆಳ್ಳಿ ಬಟ್ಟಲು ಕಾಣದೆ ಪುಟ್ಟಮ್ಮಣ್ಣಿ ಮತ್ತೆ ಆಣೆಯ ಮಾತೆತ್ತಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಒಳಗಿನಿಂದ ಗದರಿದರು: “ಆಣೆ ಗೀಣೆ ಈ ಮನೇಲಿ ಬ್ಯಾಡ. ಅವಳು ಯೋಳುದ್ರೆ ಮುಗೀತು.”