ಕಿಟಕಿ ತೆರೆದು ಮಾಡಿದ ಖೀಮಾ

ಖೀಮಾ-ಬಟಾಟೆಗೆ ಒಂದು ಬಾಣಲೆ ಸಾಕು. ಬ್ರಿಸ್ಬೇನಿನ ಎಯ್ಟ್ ಮೈಲ್ ಪ್ಲೇನ್ಸ್‌ನ ಕ್ಲಿನಿಕ್ಕಿನಲ್ಲಿ ಕೊನೆಯ ರೋಗಿಯನ್ನು ಕಳಿಸಿ, ಮೋಟರ್‌ವೇ ಹಿಡಿದು ಮನೆಗೆ ಬಂದು, ಕೈ ತೊಳೆದು ಒಲೆ ಹಚ್ಚಿದರೆ ಮಗಳ ಹೋಮ್‌ವರ್ಕ್ ಮುಗಿಯುವಷ್ಟರಲ್ಲಿ ಊಟ ತಯಾರು. ಮೊದಲು ಖೀಮಾವನ್ನು ಎಣ್ಣೆಯಿಲ್ಲದೆ ಬಾಣಲೆಗೆ ಹಾಕುತ್ತೇನೆ. ಅದು ನೀರು ಬಿಟ್ಟು, ಆ ನೀರು ಇಂಗಿ, ತನ್ನದೇ ಕೊಬ್ಬಿನಲ್ಲಿ ಚುರುಗುಟ್ಟುವವರೆಗೆ ಕೈಯಾಡಿಸುತ್ತಿರಬೇಕು. ಇಲ್ಲಿ ಅವಸರ ಮಾಡಿದವರ ಖೀಮಾ ನೆನೆದ ರಟ್ಟಿನ ಹಾಗಿರುತ್ತದೆ. ಆಮೇಲೆ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಸೀಳಿದ ಹಸಿಮೆಣಸು. ಅದರ ಮೇಲೆ ಬಫಾತ್ ಪುಡಿ. ಇದು ನಮ್ಮ ಕರಾವಳಿಯ ಕ್ರೈಸ್ತರ ಮನೆಗಳ ಮಸಾಲೆ, ಅಮ್ಮ ಮಂಗಳೂರಿನಿಂದ ಕಳಿಸುವುದು. ಸಣ್ಣಗೆ ಹೆಚ್ಚಿದ ಬಟಾಟೆ, ಉಪ್ಪು, ಒಂದು ಚಮಚ ವಿನಿಗರ್, ಸ್ವಲ್ಪ ನೀರು, ಮುಚ್ಚಳ. ಬಟಾಟೆ ಅಂಚಿನಲ್ಲಿ ಕರಗಲು ಶುರುವಾದಾಗ ಒಲೆ ಆರಿಸಿದರೆ ಆಯಿತು.

ಇಷ್ಟು ಸುಲಭದ ಅಡುಗೆಯನ್ನು ನಾಲ್ಕು ಜನರೆದುರು ಮಾಡಿ ತಿನ್ನಲು ನನಗೆ ಮೂರು ಊರು ಬೇಕಾದವು. ಏಕೆಂದರೆ ಈ ಖೀಮಾ ದನದ್ದು. ಇಲ್ಲಿನ ಕನ್ನಡದವರು ಅದರ ಹೆಸರು ಹೇಳುವುದಿಲ್ಲ, 'ಅದು' ಎನ್ನುತ್ತಾರೆ. ಯಾರು ಏನು ತಿನ್ನಬಾರದು ಎಂದುಕೊಂಡಿದ್ದಾರೋ ಅದನ್ನು ಅವರ ತಟ್ಟೆಗೆ ನಾನು ಎಂದೂ ಬಡಿಸಿದವಳಲ್ಲ, ಬಡಿಸುವವಳೂ ಅಲ್ಲ. ಆದರೆ ನನ್ನ ಮಗಳು ತನ್ನ ಮನೆಯ ಊಟವನ್ನು ಕದ್ದ ಮಾಲಿನಂತೆ ತಿನ್ನುವುದನ್ನು ಕಲಿಯಬಾರದು. ನನ್ನ ಹಠವೆಲ್ಲ ಅದೊಂದಕ್ಕೆ.

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಬಚ್ಚಿಡುವ ಪದ್ಧತಿ ಇರಲಿಲ್ಲ. ಭಾನುವಾರ ಪೂಜೆ ಮುಗಿಸಿ ಇಗರ್ಜಿಯಿಂದ ಬರುವಾಗಲೇ ಅಪ್ಪ ಮಾಂಸದ ಚೀಲ ಹಿಡಿದುಕೊಂಡು ರಾಜಾರೋಷವಾಗಿ ನಡೆಯುತ್ತಿದ್ದರು. ಈಗ ಅಮ್ಮ ಫೋನಿನಲ್ಲಿ ನಾನು ಏನು ಅಡುಗೆ ಮಾಡಿದೆ ಎಂದು ಹೇಳಹೊರಟರೆ ತಡೆಯುತ್ತಾರೆ. "ಫೋನಲ್ಲಿ ಅದೆಲ್ಲ ಮಾತಾಡ್ಲಿಕ್ಕಿಲ್ಲ ಮಗಾ," ಎನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಅಮ್ಮನ ಮೇಲಲ್ಲ.

ಕುವೈತಿನ ಆಸ್ಪತ್ರೆಯ ಕೆಲಸ ಬಿಟ್ಟು, ಇಲ್ಲಿನ ಡಾಕ್ಟರ್ ಪರೀಕ್ಷೆ ಬರೆಯಲೆಂದು ನಾನು ಬಂದಿಳಿದದ್ದು ಪರ್ತ್‌ಗೆ. ಕರ್ನಾಟಕದವರೇ ಆದ ಇಬ್ಬರು ಲೇಡಿ ಡಾಕ್ಟರುಗಳ ಜೊತೆ ಬಾಡಿಗೆ ಮನೆ ಹಂಚಿಕೊಂಡೆ. ಒಳ್ಳೆಯ ಹುಡುಗಿಯರು. ನನಗೆ ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟವರು. ಇಬ್ಬರೂ ಕೋಳಿ, ಮೀನು ತಿನ್ನುತ್ತಿದ್ದರು. ನಾನು ಮೊದಲ ಸಲ ಸೂಪರ್‌ಮಾರ್ಕೆಟ್ಟಿನಿಂದ ಖೀಮಾ ತಂದು ಫ್ರಿಜ್ಜಿನಲ್ಲಿಟ್ಟ ದಿನ ದೊಡ್ಡವಳು ನನ್ನನ್ನು ಪಕ್ಕಕ್ಕೆ ಕರೆದಳು.

"ಬೇಜಾರ್ ಮಾಡ್ಕೋಬೇಡ ಕಣೇ. ಹೊರಗಡೆ ಹೋಗಿ ಏನ್ ಬೇಕಾದ್ರೂ ತಿನ್ನು, ನಾವ್ ಯಾಕೆ ಕೇಳೋಣ? ಮನೇಲಿ ಮಾತ್ರ ಅದು ಬೇಡ."

ಹೊರಗಡೆ ತಾನೇ? ಆಗಲಿ ಎಂದೆ. ಮರುದಿನ ಬಾಣಲೆ, ಸೌಟು, ಹೆಚ್ಚಿದ ಈರುಳ್ಳಿಯ ಡಬ್ಬಿ, ಮಸಾಲೆ ಎಲ್ಲ ಚೀಲಕ್ಕೆ ತುಂಬಿಕೊಂಡು ನದಿ ದಂಡೆಯ ಪಾರ್ಕಿಗೆ ಹೋದೆ. ಇಲ್ಲಿಯ ಪಾರ್ಕುಗಳಲ್ಲಿ ಸಾರ್ವಜನಿಕರಿಗೆಂದು ಬಾರ್ಬೆಕ್ಯೂ ಕಟ್ಟೆ ಇರುತ್ತದೆ. ಗುಂಡಿ ಒತ್ತಿದರೆ ಸ್ಟೀಲಿನ ಹಲಗೆ ಕಾಯುತ್ತದೆ, ಜನ ಅದರ ಮೇಲೆ ಸಾಸೇಜ್ ಸುಡುತ್ತಾರೆ. ನಾನು ಅದರ ಮೇಲೆ ಬಾಣಲೆ ಇಟ್ಟೆ. ಸ್ವಲ್ಪ ಹೊತ್ತಿಗೆ ತಾನಾಗಿ ಆರುವ ಯಂತ್ರ ಅದು. ಬಟಾಟೆ ಅರ್ಧ ಬೆಂದಿರುವಾಗ ತಣ್ಣಗಾಗುತ್ತಿತ್ತು, ನಾನು ಬೈಯುತ್ತಾ ಮತ್ತೆ ಗುಂಡಿ ಒತ್ತುತ್ತಿದ್ದೆ. ಗಾಳಿಗೆ ಕೊತ್ತಂಬರಿ ಹಾರಿಹೋಯಿತು. ಪಕ್ಕದ ಕಟ್ಟೆಯಲ್ಲಿ ಸಾಸೇಜ್ ತಿರುವುತ್ತಿದ್ದ ಮುದುಕರೊಬ್ಬರು ಬಗ್ಗಿ ನೋಡಿ, ಮನೆಯಲ್ಲಿ ಒಲೆ ಕೆಟ್ಟಿದೆಯೇ ಎಂದು ಕೇಳಿದರು. ಒಲೆ ಚೆನ್ನಾಗಿದೆ, ಇದನ್ನು ಬೇಯಿಸಲು ಪರ್ಮಿಶನ್ ಇಲ್ಲ ಎಂದೆ. ಅವರು ಮನೆ ಮಾಲೀಕನನ್ನು ಮನಸಾರೆ ಬೈದರು. ಅವರ ತಪ್ಪು ತಿದ್ದುವ ಗೋಜಿಗೆ ನಾನು ಹೋಗಲಿಲ್ಲ. ಬ್ರೆಡ್ಡಿನ ನಡುವೆ ಎರಡು ಸೌಟು ಹಾಕಿ ಕೊಟ್ಟೆ. ಖಾರಕ್ಕೆ ಅವರ ಮೂಗು ಕೆಂಪೇರಿತು, ಆದರೂ ಮುಗಿಸಿದರು.

ಆ ಮನೆಯಲ್ಲಿದ್ದಷ್ಟು ಕಾಲ ತಿಂಗಳಿಗೊಮ್ಮೆಯಾದರೂ ನನ್ನ ಪಾರ್ಕಿನ ಅಡುಗೆ ನಡೆಯಿತು. ಒಂದು ಸಲ ವಾಕಿಂಗ್ ಬಂದ ಆ ಇಬ್ಬರು ಡಾಕ್ಟರುಗಳೂ ನನ್ನನ್ನು ಕಂಡರು. ವಾಸನೆ ಬಡಿಯದಂತೆ ಗಾಳಿ ಬರುವ ಕಡೆ ನಿಂತು ಚೆನ್ನಾಗಿಯೇ ಮಾತಾಡಿಸಿದರು. ನಾನೂ ಸೌಟು ಹಿಡಿದುಕೊಂಡೇ ಮಾತಾಡಿದೆ. ಇದರಲ್ಲಿ ಯಾರಿಗೂ ಅವಮಾನವಾಗಲಿಲ್ಲ ಎಂದು ಅವರು ಅಂದುಕೊಂಡಿದ್ದರು. ನನಗೆ ಆಗಿತ್ತು, ಅದನ್ನು ಹೇಳಲಿಲ್ಲ ಅಷ್ಟೇ.

ಪರೀಕ್ಷೆ ಪಾಸಾಗಿ ಅಡಿಲೇಡಿನಲ್ಲಿ ಕೆಲಸ ಸಿಕ್ಕಿತು. ಕಿಲ್ಬರ್ನ್‌ನಲ್ಲಿ, ಗೋದಾಮುಗಳ ಹಿಂದಿನ ಬೀದಿಯಲ್ಲಿ, ಸಾಲುಮನೆಗಳಲ್ಲಿ ಒಂದು ಹಳೆಯ ಯುನಿಟ್ ಬಾಡಿಗೆಗೆ ಹಿಡಿದೆ. ಕುವೈತಿನಲ್ಲೇ ಉಳಿದಿದ್ದ ಗಂಡ ಬಂದು ಸೇರಿಕೊಂಡ. ಅವನೂ ನಮ್ಮ ಕರಾವಳಿಯ ಕ್ರೈಸ್ತನೇ, ಆದರೆ ಬೆಳೆದದ್ದು ಬೆಂಗಳೂರಿನಲ್ಲಿ. ನನ್ನ ಕೊಂಕಣಿ ಅವನಿಗೆ ಅರ್ಧಂಬರ್ಧ ಅರ್ಥವಾಗುವುದರಿಂದ ನಮ್ಮ ಸಂಸಾರ, ಜಗಳ ಎರಡೂ ಕನ್ನಡದಲ್ಲೇ. ಅವನು ಬಂದ ಮೊದಲ ಭಾನುವಾರ, ಅಡ್ಡಿ ಹೇಳುವವರಿಲ್ಲದ ನನ್ನ ಸ್ವಂತ ಅಡುಗೆಮನೆಯಲ್ಲಿ ಖೀಮಾ ಬಾಣಲೆಗೆ ಹಾಕಿ, ಬಟಾಟೆ ತೊಳೆಯಲು ತಿರುಗಿದೆ. ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಕಿಟಕಿಗಳೆಲ್ಲ ಮುಚ್ಚಿದ್ದವು, ಪರದೆ ಎಳೆದಾಗಿತ್ತು, ಬಾಗಿಲ ಕೆಳಗಿನ ಸಂದಿಗೆ ಟವೆಲ್ ತುರುಕಲಾಗಿತ್ತು. ನನ್ನ ಗಂಡ ಒಂದು ಹಿಡಿ ಊದುಬತ್ತಿ ಹಚ್ಚಿಕೊಂಡು ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದ.

"ಏನ್ ಮಾರಾಯ ಇದು?"

"ಅಕ್ಕಪಕ್ಕದವರಿಗೆ ವಾಸನೆ ಹೋಗ್ಬಿಡುತ್ತೆ ಕಣೇ."

ಅವನು ಚಿಕ್ಕವನಿದ್ದಾಗ ಅವರ ಮನೆ ಮಹಡಿಯ ಮೇಲಿತ್ತಂತೆ. ಕೆಳಗೆ ಮನೆಯ ಮಾಲೀಕರು ಸಸ್ಯಾಹಾರಿಗಳು. ಭಾನುವಾರ ಅವನ ತಾಯಿ ಒಲೆ ಹಚ್ಚುವ ಮೊದಲು ಕಿಟಕಿ ಮುಚ್ಚುವುದು, ಊದುಬತ್ತಿ ಹಚ್ಚುವುದು ಅವನ ಪಾಲಿನ ಕೆಲಸ. ಕಿಲ್ಬರ್ನ್‌ನಲ್ಲಿ ನಮ್ಮ ಒಂದು ಪಕ್ಕ ಇದ್ದವರು ವಿಯೆಟ್ನಾಮಿನವರು, ಇನ್ನೊಂದು ಪಕ್ಕ ಇದ್ದವನು ದಿನಾ ಸಂಜೆ ಹಿತ್ತಲಲ್ಲಿ ಸ್ಟೇಕ್ ಸುಡುವ ಟ್ರಕ್ ಡ್ರೈವರ್. ಯಾರಿಂದ ಬಚ್ಚಿಡುತ್ತಿದ್ದೀ ಎಂದು ನಾನು ಕೇಳುವಷ್ಟರಲ್ಲಿ, ಹೊರಹೋಗಲು ದಾರಿಯಿಲ್ಲದ ಹೊಗೆಯೆಲ್ಲ ಮೇಲೇರಿ ಸ್ಮೋಕ್ ಅಲಾರ್ಮ್ ಕಿರುಚಿಕೊಂಡಿತು. ಅದು ನಮ್ಮ ಯುನಿಟ್ಟಿನದು ಮಾತ್ರ, ಆದರೆ ಇಡೀ ಸಾಲಿಗೆ ಕೇಳುವಂಥದ್ದು. ಅವನು ಟವೆಲ್ ಬೀಸುತ್ತಾ ಕುರ್ಚಿ ಹತ್ತಿದ, ನಾನು ಬಾಣಲೆ ಹಿಡಿದುಕೊಂಡು ಬಾಗಿಲು ತೆರೆದೆ. ಸಾಲಿನವರೆಲ್ಲ ಹೊರಗೆ ಬಂದು ನಿಂತಿದ್ದರು. ಏನು ಬೇಯಿಸುತ್ತಿದ್ದೀರಿ ಎಂದು ಟ್ರಕ್ ಡ್ರೈವರ್ ಕೇಳಿದ. ಬಚ್ಚಿಡಲು ಅಷ್ಟೊಂದು ಪಾಡುಪಟ್ಟ ಗಂಡ ಹಿಂದೆ ನಿಂತು ನನ್ನ ಕುಪ್ಪಸ ಜಗ್ಗುತ್ತಿರುವಾಗ, ನಾನು ಬೀದಿಗೆಲ್ಲ ಕೇಳುವ ಹಾಗೆ "ಬೀಫ್" ಎಂದೆ. ಡ್ರೈವರ್ ಭುಜ ಹಾರಿಸಿ ತನ್ನ ಮನೆಯೊಳಗೆ ಹೋದ. ಅಷ್ಟೇ ನಡೆದದ್ದು.

ನಾನು ನಕ್ಕು ನಕ್ಕು ಸುಸ್ತಾದೆ. ಗಂಡ ನಗಲಿಲ್ಲ. ಅವನು ಟವೆಲನ್ನು ಮತ್ತೆ ಬಾಗಿಲ ಸಂದಿಗೆ ತುರುಕುತ್ತಿದ್ದ. ಅದನ್ನು ನೋಡಿ ನನ್ನ ನಗು ನಿಂತುಹೋಯಿತು. ಅವನ ಬಾಲ್ಯದ ಭಾನುವಾರಗಳಿಗೆ ಹೀಗೆ ಭಯ ಅಂಟಿಸಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನಾಳೆ ನಮಗೆ ಹುಟ್ಟುವ ಮಗುವಿಗೆ ಇದು ಬೇಡ ಎಂದು ಆ ದಿನವೇ ಅವನಿಗೆ ಹೇಳಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಖೀಮಾ ಕಿಟಕಿ ತೆರೆದೇ ಆಗುತ್ತದೆ.

ಈಗ ನಾವಿರುವುದು ಬ್ರಿಸ್ಬೇನಿನ ಫಾರೆಸ್ಟ್ ಲೇಕ್‌ನಲ್ಲಿ, ಸ್ವಂತ ಮನೆ. ಮಗಳು ಪ್ರೈಮರಿ ಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಳೆ. ಇಲ್ಲಿ ನಮ್ಮ ಕನ್ನಡದ ಕೆಲವು ಮನೆಗಳವರು ತಿಂಗಳಿಗೊಂದು ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಎರಡು ಮೇಜು: ಒಂದರಲ್ಲಿ ವೆಜ್, ಇನ್ನೊಂದರಲ್ಲಿ ನಾನ್‌ವೆಜ್. ನಾನ್‌ವೆಜ್ ಎಂದರೆ ಕೋಳಿ, ಕುರಿ ಅಷ್ಟೇ. ಇದನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ, ಎಲ್ಲರಿಗೂ ಗೊತ್ತು. ಈಚೆಗೆ ನಮ್ಮ ಮನೆಯ ಸರದಿ ಬಂದಾಗ ಗೆಳತಿ ಫೋನ್ ಮಾಡಿದಳು. ಮೈಸೂರಿನವಳು, ಮಕ್ಕಳ ಡಾಕ್ಟರು, ಅಪ್ಪಟ ಸಸ್ಯಾಹಾರಿ. ನನ್ನ ಡ್ಯೂಟಿ ಇದ್ದ ದಿನಗಳಲ್ಲಿ ನನ್ನ ಮಗಳಿಗೆ ತನ್ನ ಮಗಳ ಜೊತೆಗೇ ತಲೆ ಬಾಚಿ ಶಾಲೆಗೆ ಬಿಟ್ಟವಳು. ಅವಳಿಗೆ ಒಂದು ಮಾತು ಹೇಳಲು ನನಗೂ ಕಷ್ಟವೇ.

"ಹೇಗ್ ಹೇಳ್ಲಿ ಅಂತಾನೇ ಗೊತ್ತಾಗ್ತಿಲ್ಲ ಕಣೇ," ಎಂದಳು. "ಆ ದಿನ ಒಂದು ದಿನ ಅದು ಬೇಡ. ಆ ಬಾಣಲೇನ ಗರಾಜಲ್ಲಿ ಇಟ್ಬಿಡು. ಕೆಲವರಿಗೆ ನೋಡೋಕೂ ಆಗಲ್ಲ."

"ನಿಮ್ಮ ಅಡುಗೆಗೆ ಹೊಸ ಪಾತ್ರೆ ತಂದಿದ್ದೇನೆ," ಎಂದೆ. "ನಿಮ್ಮ ಮೇಜಿಗೆ ಅದು ಬರುದಿಲ್ಲ. ಬೇಕಾದ್ರೆ ನೀನೇ ಬಂದು ನಿಂತು ಅಡುಗೆ ಮಾಡಿಸು. ಆದ್ರೆ ಗರಾಜಲ್ಲಿ ಕಾರ್ ಇಡುದು. ಬಾಣಲೆ ಒಲೆ ಮೇಲೇ ಇರ್ತದೆ."

ಅವಳು ಫೋನ್ ಇಟ್ಟಳು. ಬರುವುದಿಲ್ಲ ಎಂದುಕೊಂಡೆ. ಅದಕ್ಕಿಂತ ಹೆಚ್ಚು ನೋವಾದದ್ದು ಸಂಜೆ, ಮಗಳು ಬಂದು ನನ್ನ ಪಕ್ಕ ನಿಂತಾಗ. "ಮಮ್, ಸಂಡೇ ನಾರ್ಮಲ್ ಫುಡ್ ಮಾಡ್ತೀಯಾ? ಪ್ಲೀಸ್?" ಅವಳು ಕನ್ನಡ ಮಾತಾಡುವುದೇ ಅಪರೂಪ, ಏನಾದರೂ ಬೇಕಿದ್ದಾಗ ಮಾತ್ರ. ನಾರ್ಮಲ್ ಎಂದರೇನು ಎಂದು ಕೇಳಿದೆ. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ದಿನ ನನಗೆ ಊಟ ಸೇರಲಿಲ್ಲ. ಆದರೂ ಭಾನುವಾರ ಬೆಳಿಗ್ಗೆ ವೆಜ್ ಅಡುಗೆಯೆಲ್ಲ ಮುಗಿಸಿ ಹಿತ್ತಲ ಜಗಲಿಯಂಥ ಪ್ಯಾಟಿಯೋದ ಮೇಜಿಗೆ ಸಾಗಿಸಿ, ಬಾಣಲೆ ಒಲೆಗೇರಿಸಿದೆ.

ಗೆಳತಿ ಬಂದಳು. ನಕ್ಕಳು, ಆದರೆ ಅಡುಗೆಮನೆಯೊಳಗೆ ಕಾಲಿಡಲಿಲ್ಲ. ಊಟ ಶುರುವಾಯಿತು. ನೀರು ಕುಡಿಯುವ ನೆಪದಲ್ಲಿ ಒಬ್ಬ ಅಂಕಲ್ ಒಳಗೆ ಬಂದು ಮುಚ್ಚಳ ಎತ್ತಿ ನೋಡಿದರು.

"ಲ್ಯಾಂಬ್ ತಾನೇಮ್ಮಾ?" ಎಂದರು. ಹೌದೆನ್ನಲಿ ಎಂಬ ಆಸೆ ಅವರ ಮುಖದಲ್ಲೇ ಇತ್ತು.

"ಅಲ್ಲ ಅಂಕಲ್. ದನದ್ದು. ಬೇಕಾ ಬೇಡ್ವಾ?"

ಅಂಕಲ್ ಹೊರಗೆ ಹೆಂಡತಿಯ ಕಡೆ ಒಮ್ಮೆ ನೋಡಿ, "ಬೇಡಮ್ಮಾ, ಸುಮ್ನೆ ಕೇಳ್ದೆ," ಎಂದು ನೀರನ್ನೂ ಕುಡಿಯದೆ ಹೋದರು. ನನಗೆ ಪಾಪ ಅನ್ನಿಸಿತು. ಆದರೆ ಅವರಿಗಾಗಿ ಸುಳ್ಳು ಹೇಳುವಷ್ಟು ಪಾಪ ಅನ್ನಿಸಲಿಲ್ಲ.

ಅಷ್ಟರಲ್ಲಿ ಪ್ಯಾಟಿಯೋದಿಂದ ಮಕ್ಕಳ ಮಾತು ಕೇಳಿಸಿತು. ಒಳಗಿರುವ ಅದನ್ನು ನೀನು ತಿನ್ನುತ್ತೀಯಾ ಎಂದು ಗೆಳತಿಯ ಮಗಳು ಕೇಳುತ್ತಿದ್ದಳು. ನನ್ನ ಮಗಳು ಥಟ್ಟನೆ, "ನೋ, ನೆವರ್. ಅದು ಡ್ಯಾಡಿಗೆ," ಎಂದಳು. ಪಾರ್ಕಿನಲ್ಲಿ ಗುಂಡಿ ಒತ್ತುತ್ತಾ ನಿಂತಾಗಲೂ ನನಗೆ ಇಷ್ಟು ಸೋತಂತೆ ಅನ್ನಿಸಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಹೊಸ ಟವೆಲ್ ತರಲು ಲಾಂಡ್ರಿಯ ಬಾಗಿಲು ತಳ್ಳಿದೆ. ಮಗಳು ವಾಷಿಂಗ್ ಮಷೀನಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ತೊಡೆಯ ಮೇಲೆ ಖೀಮಾ-ಬಟಾಟೆಯ ಬಟ್ಟಲು. ಬಾಯಿ ತುಂಬಿತ್ತು. ನನ್ನನ್ನು ಕಂಡು ಬಟ್ಟಲಿನ ಮೇಲೆ ಕೈ ಮುಚ್ಚಿದಳು.

ಕೂಗಾಡಬೇಕು ಅನ್ನಿಸಿತು. ಅವಳ ಮುಚ್ಚಿದ ಕೈ ನೋಡಿ ಅವಳೆದುರು ಕುಕ್ಕರಗಾಲಲ್ಲಿ ಕೂತೆ. "ನಾನು ಹೊರಗೆ ಕೂತು ಇದನ್ನೇ ತಿಂತೇನೆ ಮಗಾ," ಎಂದೆ. "ನಿನಗೆ ಬರ್ಬೇಕು ಅಂತ ಅನ್ಸಿದ್ರೆ ಬಾ. ಇಲ್ಲದಿದ್ರೆ ಬೇಡ." ಬಾಗಿಲನ್ನು ತೆರೆದೇ ಬಿಟ್ಟು ಬಂದು, ತಟ್ಟೆಗೆ ನಾಲ್ಕು ಸೌಟು ಹಾಕಿಕೊಂಡು ಪ್ಯಾಟಿಯೋಕ್ಕೆ ಹೋದೆ. ನಾನ್‌ವೆಜ್ ಮೇಜಿನ ಕೊನೆಯಲ್ಲಿ ಕೂತೆ. ಗಂಡ ಎದ್ದು ಒಳಗೆ ಹೋದ, ಓಡಿಹೋದನೇ ಎಂದುಕೊಂಡೆ. ತಾನೂ ಒಂದು ತಟ್ಟೆ ತುಂಬಿಸಿಕೊಂಡು ಬಂದು ನನ್ನೆದುರು ಕೂತ. ತಲೆ ಎತ್ತದೆ ತಿನ್ನತೊಡಗಿದ.

ಮಗಳು ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತದ್ದನ್ನು ಎಲ್ಲರೂ ನೋಡಿದರು. ಖಾಲಿ ಇದ್ದದ್ದು ನನ್ನ ಪಕ್ಕದ ಕುರ್ಚಿ ಒಂದೇ, ಅದರ ಮೇಲೆ ಗೆಳತಿಯ ಹ್ಯಾಂಡ್‌ಬ್ಯಾಗ್ ಇತ್ತು. ಗೆಳತಿ ತನ್ನ ಮೇಜಿನಿಂದ ಎದ್ದು ಬಂದು, ಯಾರ ಮುಖವನ್ನೂ ನೋಡದೆ ಬ್ಯಾಗ್ ಎತ್ತಿಕೊಂಡು ಹೋದಳು. ಜಾಗ ಮಾಡಿಕೊಡಲು ಎದ್ದಳೋ, ಬ್ಯಾಗಿಗೆ ತಾಗದಿರಲಿ ಎಂದು ಎದ್ದಳೋ, ನಾನು ಇನ್ನೂ ಕೇಳಿಲ್ಲ. ಮಗಳು ಬಂದು ಕೂತಳು.

"ನೀನು ತಿನ್ನಲ್ಲ ಅಂದಿದ್ದೆ!" ಎಂದು ಗೆಳತಿಯ ಮಗಳು ಆ ಮೇಜಿನಿಂದ ಇಂಗ್ಲಿಷಿನಲ್ಲಿ ಕೂಗಿ ಹೇಳಿದಳು.

ನನ್ನ ಮಗಳ ಮುಖ ಕಿವಿಯವರೆಗೂ ಕೆಂಪೇರಿತ್ತು.

"ಐ ಲೈಡ್," ಎಂದಳು. ಚಮಚ ತುಂಬಿಸಿ ಎಲ್ಲರೆದುರು ಬಾಯಿಗಿಟ್ಟುಕೊಂಡಳು.