ಮರಿಯವ್ವ ಕೊಟ್ಟ ಲೈನ್ ಕ್ಲಿಯರ್

ದಾವಣಗೆರೆಯ ಗಿಡಗಳಿಗೆ ಮಾತು ಬರುವಂತಿದ್ದರೆ, ತಿಪ್ಪೇಶನ ಮೇಲೆ ಮೊದಲ ಕಂಪ್ಲೇಂಟು ಯಾರು ಬರೆಸಬೇಕು ಎಂದು ಅವುಗಳಲ್ಲೇ ಜಗಳ ಹತ್ತುತ್ತಿತ್ತು. ಮೂವತ್ತನಾಲ್ಕು ವರ್ಷ ಅವನು ಕರೆಂಟ್ ಆಫೀಸಿನ ಲೈನ್‌ಮನ್. ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಕೊಂಬೆಗಳನ್ನು ಕಡಿಯುವುದು ಅವನ ಪಾಲಿಗೆ ಬಂದ ಕೆಲಸ. ಅವನು ಏಣಿ ಹೊತ್ತು ವಿನೋಬನಗರದ ಓಣಿಗೆ ಕಾಲಿಟ್ಟರೆ ಸಾಕು, ಹೆಂಗಸರು ತಂತಮ್ಮ ನುಗ್ಗೆ ಗಿಡದ ಕೆಳಗೆ ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಿದ್ದರು. ಮನೆಯಲ್ಲೂ ಮರ್ಯಾದೆ ಅಷ್ಟಕ್ಕಷ್ಟೇ. ಕಟ್ಟೆಯ ತುಳಸಿ ಒಣಗಿದರೆ ಹೆಂಡತಿ, “ನೀವೇನಾದ್ರೂ ಅದನ್ನ ನೋಡಿದ್ರೇನ್ರಿ?” ಎಂದು ಕೇಳುತ್ತಿದ್ದಳು.

ಇಂಥವನು ನಿವೃತ್ತನಾದ ಮೇಲೆ ಬೋನ್ಸಾಯ್ ಕ್ಲಬ್ಬು ಸೇರಿದ್ದು, ಬೆಕ್ಕು ಹಾಲಿನ ಡೈರಿಗೆ ಸೆಕ್ರೆಟರಿ ಆದಂತೆ ಎಂದು ಓಣಿಯವರು ನಕ್ಕರು. ತಿಪ್ಪೇಶನೂ ನಕ್ಕ. ಅವನಿಗೂ ಹಾಗೇ ಅನ್ನಿಸಿತ್ತು.

ಸೇರಿಸಿದವರು ಭಾಗ್ಯಲಕ್ಷ್ಮಿ ಮೇಡಂ. ಸಸ್ಯಶಾಸ್ತ್ರದ ಲೆಕ್ಚರರ್ ಆಗಿದ್ದು ರಿಟೈರ್ ಆದವರು, ಪಿ.ಜೆ. ಬಡಾವಣೆಯಲ್ಲಿ ಮನೆ. ಅವರ ಕಾಂಪೌಂಡಿನ ಸಂಪಿಗೆ ಪ್ರತಿ ವರ್ಷ ತಂತಿಯ ಕಡೆಗೇ ಕೈ ಚಾಚುತ್ತಿತ್ತು, ತಿಪ್ಪೇಶ ಪ್ರತಿ ವರ್ಷ ಕಡಿಯುತ್ತಿದ್ದ, ಮೇಡಂ ಪ್ರತಿ ವರ್ಷ ಬೈಯುತ್ತಿದ್ದರು. ಒಂದು ವರ್ಷ ಬೈಯುವ ಮೊದಲು ತಲೆ ಎತ್ತಿ ನೋಡಿದರು. ಕಡಿದ ಕಡೆಯೆಲ್ಲ, ಮನೆ ದಿಕ್ಕಿಗೆ ಮುಖ ಮಾಡಿದ ಚಿಗುರಿನ ಕಣ್ಣಿನ ಮೇಲೆಯೇ ಓರೆಯಾಗಿ ಏಟು ಬಿದ್ದಿತ್ತು.

“ಇದನ್ನ ನಿಮಗೆ ಯಾರು ಕಲಿಸಿದ್ದು?”

“ಯಾರು ಕಲಿಸ್ತಾರ್ರಿ ಮೇಡಂ? ಮುಂದಿನ ವರ್ಷ ಮತ್ತೆ ನಾನಾ ಹತ್ತಬೇಕಲ್ಲ. ತಪ್ಪು ಕಣ್ಣಿನ ಮ್ಯಾಲೆ ಕಡಿದ್ರೆ ಮತ್ತೆ ತಂತಿ ಕಡೀಗೇ ಬೆಳಿತೈತಿ. ಸೋಮಾರಿತನ ಕಲಿಸಿದ್ದು.”

ಪುಸ್ತಕದಲ್ಲಿ ಇಪ್ಪತ್ತು ಪುಟ ಓದಿ ತಾವು ಕಲಿತದ್ದನ್ನು ಈತ ಏಣಿಯ ಮೇಲೆ ನಿಂತು ಕಲಿತಿದ್ದಾನಲ್ಲ ಎಂದು ಮೇಡಂಗೆ ಸ್ವಲ್ಪ ಹೊಟ್ಟೆಯುರಿದು, ಆಮೇಲೆ ಅದೇ ಹೊಟ್ಟೆಗೆ ಸಂತೋಷವೂ ಆಗಿ, ನಿವೃತ್ತಿಯ ಮರುವಾರವೇ ಅವನನ್ನು ಬಳಗಕ್ಕೆ ಎಳೆದುಕೊಂಡರು.

ಬಳಗದಲ್ಲಿ ಹನ್ನೆರಡು ಜನ. ಅರ್ಧ ದಾವಣಗೆರೆಯವರು, ಅರ್ಧ ಹರಿಹರದವರು. ಬಳಗದ ಹೆಸರಿನಲ್ಲಿ ಯಾವ ಊರು ಮೊದಲು ಬರಬೇಕು ಎಂಬುದರ ಮೇಲೆ ಮೂರು ಸಭೆಗಳು ಮುರಿದಿದ್ದವು. ಕೊನೆಗೆ ಬೋರ್ಡಿನ ಒಂದು ಬದಿಗೆ ‘ದಾವಣಗೆರೆ–ಹರಿಹರ’ ಎಂದೂ ಇನ್ನೊಂದು ಬದಿಗೆ ‘ಹರಿಹರ–ದಾವಣಗೆರೆ’ ಎಂದೂ ಬರೆಸಿ, ಸಭೆ ಯಾವ ಊರಿನಲ್ಲೋ ಆ ಬದಿ ತಿರುಗಿಸಿ ಇಡುವುದು ಎಂದಾಯಿತು. ಒಂದೇ ವಿಗ್ರಹದಲ್ಲಿ ಇಬ್ಬರು ದೇವರನ್ನು ಸಂಭಾಳಿಸಿದ ಊರು ಹರಿಹರ. ಒಂದು ಬೋರ್ಡನ್ನು ಸಂಭಾಳಿಸುವುದು ಅವರಿಗೆ ಕಷ್ಟವಾಗಲಿಲ್ಲ.

ಭಾಷೆಯದ್ದೊಂದು ತಕರಾರು ಮಾತ್ರ ಉಳಿದಿತ್ತು. ಮೇಡಂ ಹುಟ್ಟಿದ್ದು ಮೈಸೂರು ಕಡೆ. “ಇದು ಗಿಡ ಅಲ್ಲ, ಮರ. ಬೋನ್ಸಾಯ್ ಅಂದರೆ ಕುಂಡದಲ್ಲಿರುವ ಮರ” ಎಂದು ಪ್ರತಿ ಸಲ ತಿದ್ದುತ್ತಿದ್ದರು. ತಿಪ್ಪೇಶನಿಗೆ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. “ನಮ್ಮ ಕಡೆ ನಾಕು ಜನ ತಬ್ಬಿದ್ರೂ ಕೈ ಕೂಡದ ಹುಣಸೇನೂ ಗಿಡಾನೇ ಮೇಡಂ. ನಾವು ಹುಟ್ಟಿದಾಗಿಂದ ಬೋನ್ಸಾಯ್‌ನಾಗೇ ಅದೀವಿ” ಎನ್ನುತ್ತಿದ್ದ.

ಆ ಆಷಾಢದ ಭಾನುವಾರ ಕಾರ್ಯಾಗಾರ ಇದ್ದದ್ದು ಹರಿಹರದಲ್ಲಿ, ಅಬ್ದುಲ್ ರಹೀಮ್ ಅವರ ಅಂಗಳದಲ್ಲಿ. ರಹೀಮಣ್ಣ ಹೊಳೆಯ ದಾರಿಯಲ್ಲಿ ಸಿಮೆಂಟಿನ ಕುಂಡ, ಜಾಲರಿ ಮಾಡುವವರು. ಬಳಗದ ಚಪ್ಪಟೆ ತಟ್ಟೆಗಳೆಲ್ಲ ಅವರ ಕೈಯವೇ. ತಿಪ್ಪೇಶ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಒಂದು ಹಳೇ ಪೇಂಟ್ ಬಕೆಟ್ ಇಟ್ಟುಕೊಂಡು ಬಂದ. ಅದರಲ್ಲಿ ಐದು ವರ್ಷದ ಒಂದು ಹೊಂಗೆ. ದಾರಿಯುದ್ದಕ್ಕೂ ಎದುರುಗಾಳಿ. ಗಿಡ ಮುರಿಯಬಾರದೆಂದು ಅದಕ್ಕೆ ತನ್ನ ಸ್ವೆಟರ್ ಸುತ್ತಿದ್ದ. ಅವನು ನಡುಗುತ್ತಿದ್ದ, ಗಿಡ ಬೆಚ್ಚಗಿತ್ತು.

“ಏನ್ ತಿಪ್ಪೇಶಣ್ಣ, ಹೊಂಗೇನಾ?” ರಹೀಮಣ್ಣ ಬಕೆಟ್ಟಿನೊಳಗೆ ಇಣುಕಿದರು. “ಎಲ್ಲಾರೂ ಆಲ, ಬಸರಿ ತರ್ತಾರ. ಇದರ ಎಲಿ ನೋಡ್ರಿ, ಊಟಕ್ಕ ಹಾಕಬಹುದು.”

“ಇರೋದು ಇದೊಂದಾ ರಹೀಮಣ್ಣ” ಎಂದಷ್ಟೇ ಹೇಳಿದ ತಿಪ್ಪೇಶ.

ಅದು ನಿಜವಾಗಿಯೂ ಇದ್ದದ್ದು ಒಂದೇ. ವಿನೋಬನಗರದ ತಿರುವಿನಲ್ಲಿ ಒಂದು ದೊಡ್ಡ ಹೊಂಗೆ ಇತ್ತು. ಅದರ ಕೆಳಗೆ ಮರಿಯವ್ವನ ಮಂಡಕ್ಕಿ ಅಂಗಡಿ. ನೆಲದಿಂದ ಆಳೆತ್ತರದಲ್ಲಿ ರಸ್ತೆ ಕಡೆಗೆ ಚಾಚಿದ ಒಂದು ಕೊಂಬೆಗೆ ಅವಳು ತಕ್ಕಡಿ ನೇತುಹಾಕುತ್ತಿದ್ದಳು. ಆ ಕೊಂಬೆಯ ತುದಿ ಮೇಲಕ್ಕೆದ್ದು ಮನೆಗಳಿಗೆ ಹೋಗುವ ತಂತಿಗೆ ತಾಗುತ್ತಿತ್ತು, ಆದ್ದರಿಂದ ಅದು ಪ್ರತಿ ವರ್ಷ ತಿಪ್ಪೇಶನ ಪಟ್ಟಿಯಲ್ಲಿರುತ್ತಿತ್ತು. ಪ್ರತಿ ವರ್ಷವೂ ಮರಿಯವ್ವ ಕೆಳಗೆ ನಿಂತು ಕೂಗುತ್ತಿದ್ದಳು: “ಮ್ಯಾಲಿಂದು ಏನಾರ ಮಾಡ್ಕೋ. ಕೆಳಗಿನ ಕೊಂಬಿ ಬಿಡು!”

ಲೈನ್‌ಮನ್‌ಗಳದ್ದು ಒಂದು ಪದ್ಧತಿ ಇದೆ. ಕಂಬ ಹತ್ತುವ ಮೊದಲು ಸ್ಟೇಷನ್ನಿಗೆ ಫೋನ್ ಮಾಡಿ ಆ ತಂತಿಯ ಕರೆಂಟು ತೆಗೆಸಬೇಕು. ಅತ್ತಲಿಂದ ‘ಲೈನ್ ಕ್ಲಿಯರ್’ ಎಂದ ಮೇಲೆಯೇ ಕೈ ಹಚ್ಚಬೇಕು. ಕೆಲಸ ಮುಗಿದ ಮೇಲೆ ‘ಜನ ಇಳಿದ್ರು, ಸಾಮಾನು ಇಳೀತು, ಲೈನ್ ಕ್ಲಿಯರ್ ವಾಪಸ್’ ಎಂದು ಹೇಳಬೇಕು. ಹಾಗೆ ವಾಪಸ್ ಮಾಡದಿದ್ದರೆ ಓಣಿಗೆ ಓಣಿಯೇ ಕತ್ತಲೆಯಲ್ಲಿ ಕೂರಬೇಕು. ತಿಪ್ಪೇಶ ಫೋನಿನಲ್ಲಿ ಇದನ್ನೆಲ್ಲ ಒಪ್ಪಿಸುವುದನ್ನು ಕೇಳಿ ಕೇಳಿ ಮರಿಯವ್ವ ಒಮ್ಮೆ ಅಂದಿದ್ದಳು, “ತಂತಿ ಮುಟ್ಟಾಕೆ ಕಚೇರೀನ ಕೇಳ್ತೀ. ನನ್ನ ಗಿಡ ಮುಟ್ಟಾಕೆ ಯಾರನ್ನ ಕೇಳೀಯಲೇ?”

ತಿಪ್ಪೇಶ ಆ ವರ್ಷ ಕೆಳಗಿನ ಕೊಂಬೆಯ ತುದಿಯಲ್ಲಿ ಒಂದು ಗೇಣು ಮಾತ್ರ ಕಡಿದ. ಆಮೇಲಿನ ವರ್ಷಗಳಲ್ಲೂ ಅಷ್ಟೇ. ಅದು ದಯೆಯಲ್ಲ, ಅವಳ ಬಾಯಿಗೆ ಹೆದರಿದ್ದು.

ಹದಿನಾಲ್ಕು ವರ್ಷದ ಹಿಂದೆ, ಆ ಗಿಡದ ಪಕ್ಕದ ಕಂಬದ ಮೇಲಿದ್ದಾಗ ಕಣಜದ ಹುಳು ಎದ್ದು ತಿಪ್ಪೇಶ ಜಾರಿದ. ಇಪ್ಪತ್ತು ಅಡಿ ಕೆಳಗೆ ಚರಂಡಿಯ ಕಲ್ಲು. ಆದರೆ ಅವನು ಕಲ್ಲಿನ ಮೇಲೆ ಬೀಳಲಿಲ್ಲ, ಕೆಳಗಿನ ಕೊಂಬೆಯ ಮೇಲೆ ಬಿದ್ದ. ಕೊಂಬೆ ಬಾಗಿತು, ತಡೆಯಿತು, ತಕ್ಕಡಿಯ ಜೊತೆಗೆ ಅವನನ್ನೂ ನೇತುಹಾಕಿಕೊಂಡಿತು. ಹೆಗಲ ಎಲುಬು ಒಂದು ಮುರಿಯಿತು, ಅಷ್ಟೇ. ಮರಿಯವ್ವ ಓಡಿ ಬಂದು ಮೊದಲು ತಕ್ಕಡಿ ನೋಡಿದಳು, ಆಮೇಲೆ ಇವನನ್ನು. “ತೂಕ ಜಾಸ್ತಿ ಆತು ಕಣಪ್ಪ” ಎಂದಳು. ಹೇಳುವಾಗ ಅವಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

ಅವಳಿಗೆ ಥ್ಯಾಂಕ್ಸ್ ಹೇಳಬೇಕೆಂದು ತಿಪ್ಪೇಶ ನೂರು ಸಲ ಅಂದುಕೊಂಡ. ಮಂಡಕ್ಕಿ ಅಂಗಡಿಯ ಮುಂದೆ ನಿಂತು ಆ ಮಾತು ಹೇಳುವುದು ಹೇಗೆ ಎಂದು ತಿಳಿಯದೆ, ಪ್ರತಿ ಸಲ ಎರಡು ಮಿರ್ಚಿ ಬಜ್ಜಿ ಹೆಚ್ಚು ತಿಂದು ಬಂದ. ಕೃತಜ್ಞತೆಯಿಂದ ಹೊಟ್ಟೆ ಕೆಟ್ಟವರು ಊರಲ್ಲಿ ಅವನೊಬ್ಬನೇ ಇರಬೇಕು.

ಐದು ವರ್ಷದ ಹಿಂದೆ ರಸ್ತೆ ಅಗಲವಾಯಿತು, ಹೊಂಗೆ ಉರುಳಿತು. ಆ ದಿನ ತಂತಿಯ ಕರೆಂಟು ತೆಗೆಸಿ ಲೈನ್ ಕ್ಲಿಯರ್ ತೆಗೆದುಕೊಂಡವನು ತಿಪ್ಪೇಶನೇ. ಮರಿಯವ್ವ ಅಂದು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡು ತಿಂಗಳ ಮೇಲೆ ಹೊಸ ಚರಂಡಿಯ ಅಂಚಿನಲ್ಲಿ, ಹಳೇ ಬೇರಿನಿಂದ ಒಂದು ಚಿಗುರು ಎದ್ದಿತ್ತು. ತಿಪ್ಪೇಶ ಅದನ್ನು ಬೇರಿನ ತುಂಡಿನ ಸಮೇತ ಎಬ್ಬಿಸಿ ಮನೆಗೆ ತಂದ. ಒಣಗಿದರೆ ಎರಡನೇ ಸಲ ಕೊಂದಂತೆ ಆಗುತ್ತದೆಂದು ಮರಿಯವ್ವನಿಗೆ ಹೇಳಲಿಲ್ಲ.

ರಹೀಮಣ್ಣನ ಅಂಗಳದಲ್ಲಿ ಎಲ್ಲರೂ ತಾಡಪಾಲಿನ ಮೇಲೆ ಕೂತು ಕೆಲಸಕ್ಕೆ ಹತ್ತಿದರು. ಕತ್ತರಿಗಳ ಚಿಕ್ ಚಿಕ್, ಕೊಂಬೆ ಬಗ್ಗಿಸಲು ತಂತಿ ಸುತ್ತುವವರ ಏದುಸಿರು, ಹೊಳೆ ಮರಳು ಜರಡಿ ಹಿಡಿಯುವ ಸದ್ದು. ಬಳಗದ ಕುಬೇರಪ್ಪ ತಮ್ಮ ಜಾಲಿಯ ಕೊಂಬೆಗಳಿಗೆ ಬಲು ಪ್ರೀತಿಯಿಂದ ತಂತಿ ಸುತ್ತುತ್ತಿದ್ದರು. ಅದು ಹಿಂದಿನ ದಸರೆಗೇ ಸತ್ತಿತ್ತು. ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. “ಎಲೆ ಉದುರಿಸಿ ವಿಶ್ರಾಂತಿಯಲ್ಲಿ ಐತೆ” ಎಂದು ಅವರೇ ಎಲ್ಲರಿಗೂ ವಿವರಿಸುತ್ತಿದ್ದರು.

ಮೇಡಂ ತಿಪ್ಪೇಶನ ಬಕೆಟ್ಟನ್ನು ಒಂದು ಸುತ್ತು ಹಾಕಿ ನೋಡಿದರು. “ಬೇರು ಬಕೆಟ್ಟಿನೊಳಗೇ ಸುತ್ತಿಕೊಂಡಿದೆ. ಇನ್ನೊಂದು ವರ್ಷ ಬಿಟ್ಟರೆ ಉಸಿರುಕಟ್ಟಿ ಹೋಗುತ್ತೆ. ಇವತ್ತೇ ಬೇರು ಅರ್ಧ ತೆಗೆಯಬೇಕು, ಕಾಂಡ ಇಲ್ಲಿಗೆ ಕಡಿಯಬೇಕು. ಆಮೇಲೆ ಈ ಕೆಳಗಿನ ಕೊಂಬೆ. ಎದುರುಬದುರು ಎರಡು ಇರಬಾರದು, ಇದನ್ನ ತೆಗೆದುಬಿಡಿ.”

“ಬದುಕ್ತೈತಾ ಮೇಡಂ?”

“ಕಡಿದರೆ ಅರ್ಧ ಭರವಸೆ. ಕಡಿಯದಿದ್ದರೆ ಅದೂ ಇಲ್ಲ.”

ತಿಪ್ಪೇಶ ಕತ್ತರಿ ಹಿಡಿದ. ಕೆಳಗಿಟ್ಟ. ಗರಗಸ ಹಿಡಿದ. ಅದನ್ನೂ ಕೆಳಗಿಟ್ಟು ಟೀ ಕುಡಿದ. ಮೂವತ್ತನಾಲ್ಕು ವರ್ಷ ಊರಿನ ಗಿಡಗಳ ತಲೆ ತೆಗೆದ ಕೈ, ಮೊಣಕಾಲೆತ್ತರದ ಹೊಂಗೆಯ ಮುಂದೆ ಖಾಲಿ ಟೀ ಲೋಟವನ್ನೇ ಹಿಡಿದುಕೊಂಡಿತ್ತು.

“ಏನ್ರೀ ತಿಪ್ಪೇಶಣ್ಣ, ಮುಹೂರ್ತ ನೋಡಾಕತ್ತೀರೇನು?” ರಹೀಮಣ್ಣ ಕೇಳಿದರು.

“ಇಲ್ಲ ರಹೀಮಣ್ಣ. ಲೈನ್ ಕ್ಲಿಯರ್ ತಗೊಂಡಿಲ್ಲ.”

ಎಲ್ಲರೂ ಮೇಲೆ ನೋಡಿದರು. ಅಂಗಳದ ಮೇಲೆ ಬಟ್ಟೆ ಒಣಗಿಸುವ ಹಗ್ಗ ಬಿಟ್ಟರೆ ಇನ್ನಾವ ಲೈನೂ ಇರಲಿಲ್ಲ. ತಿಪ್ಪೇಶ ಎದ್ದು, ಗೋಡೆಯ ಕಡೆ ಮುಖ ಮಾಡಿ ಫೋನ್ ಹಚ್ಚಿದ. ಅವನ ಫೋನಿನಲ್ಲಿ ಸ್ಪೀಕರ್ ಆಫ್ ಆಗುತ್ತಿರಲಿಲ್ಲ, ಹಾಗಾಗಿ ಇಡೀ ಬಳಗಕ್ಕೆ ಕೇಳಿಸಿತು.

“ಯಾರಪ್ಪಾ?”

“ನಾನು ತಿಪ್ಪೇಶ, ಅವ್ವ.”

“ಏನಲೇ, ಬೆಳಗಿಂದ ಕರೆಂಟಿಲ್ಲ ಇಲ್ಲಿ!”

“ನಾನು ರಿಟೈರ್ ಆಗೀನಿ ಅವ್ವ.”

“ಆದ್ರೇನು? ಕರೆಂಟು ಬ್ಯಾಡಾ ನಮಗೆ?”

ತಿಪ್ಪೇಶ ಚರಂಡಿ ಅಂಚಿನ ಚಿಗುರಿನಿಂದ ಹಿಡಿದು ಪೇಂಟ್ ಬಕೆಟ್ಟಿನವರೆಗೆ ಎಲ್ಲ ಹೇಳಿದ. ಅತ್ತ ಕಡೆ ಮಂಡಕ್ಕಿ ಬಾಣಲೆಯ ಸದ್ದು ನಿಂತಿತು.

“ಬದುಕೈತಾ?” ಎಂದಳು ಮರಿಯವ್ವ, ಬಹಳ ಸಣ್ಣ ದನಿಯಲ್ಲಿ.

“ಐತೆ. ಈಗ ಇದನ್ನ ಬೋನ್ಸಾಯ್ ಮಾಡಬೇಕು.”

“ಬೋನಿನಾಗ ಹಾಕಿ ಸಾಯಿ ಅಂತೀರಾ? ಹೆಸರಾ ಹಂಗೈತಲ್ಲೋ!”

ಮೇಡಂ ಕೆಮ್ಮಿದರು. ರಹೀಮಣ್ಣ ಬಾಯಿಗೆ ಟವೆಲ್ ಒತ್ತಿಕೊಂಡರು.

“ಹಂಗಲ್ಲ ಅವ್ವ. ಕುಂಡದಾಗ ಸಣ್ಣದಾಗಿ ಬೆಳಸೋದು. ಅದಕ್ಕೆ ಕಡೀಬೇಕು. ಕಡಿದ್ರೆ ಹೋದ್ರೂ ಹೋಗಬಹುದು. ಅದಕ್ಕಾ... ನಿನ್ನ ಕೇಳಾಕೆ ಫೋನ್ ಮಾಡೀನಿ. ಲೈನ್ ಕ್ಲಿಯರ್ ಕೊಡ್ತೀಯಾ?”

ಮರಿಯವ್ವ ಮೂಗು ಏರಿಸಿದ ಸದ್ದು ಹರಿಹರದ ತನಕ ಬಂತು. “ಇಷ್ಟು ವರ್ಷಕ್ಕೆ ಕೇಳಿದಿ ನೋಡು. ಕಡಿ. ಕಡಿದಲ್ಲಿ ಸಗಣಿ ಮೆತ್ತು. ಮತ್ತೆ ಕೇಳಿಲ್ಲಿ, ಮ್ಯಾಲಿಂದು ಏನಾರ ಮಾಡ್ಕೋ. ಕೆಳಗಿನ ಕೊಂಬಿ ಬಿಡು!”

ಕೆಳಗೊಂದು ಕೊಂಬೆ ಇದೆ ಎಂದು ಅವನು ಹೇಳಿರಲೇ ಇಲ್ಲ. ತಿಪ್ಪೇಶ ಫೋನ್ ಇಟ್ಟು ಮೇಡಂ ಕಡೆ ತಿರುಗಿದ. ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದರು. “ನಿಯಮದ ಪ್ರಕಾರ ತಪ್ಪು” ಎಂದರು. “ಬಿಡಿ, ಆ ಕೊಂಬೆ ಇರಲಿ. ಆದರೆ ಸಗಣಿ ಮಾತ್ರ ಬೇಡ, ನನ್ನ ಹತ್ತಿರ ಒಳ್ಳೇ ಮುಲಾಮು ಇದೆ.” ಅಷ್ಟರಲ್ಲಿ ರಹೀಮಣ್ಣ ಪಕ್ಕದ ಮನೆಯ ಎಮ್ಮೆಯ ಕಡೆ ಹೋಗಿಯಾಗಿತ್ತು.

ಗರಗಸ ಈ ಸಲ ಕೆಳಗಿಳಿಯಲಿಲ್ಲ. ಕಣ್ಣು ನೋಡಿ, ಓರೆಯಾಗಿ, ಎಲ್ಲೂ ನಿಲ್ಲದೆ ಕಾಂಡ ಕೊಯ್ದಿತು. ಮೇಡಂ ಬೇರು ಬಿಡಿಸಿದರು, ರಹೀಮಣ್ಣ ತಟ್ಟೆಗೆ ಮರಳು ಸುರಿದರು. ಕುಬೇರಪ್ಪ ತಮ್ಮ ಜಾಲಿಗೆ ಸುತ್ತಿದ್ದ ತಂತಿಯನ್ನು ಬಿಚ್ಚಿ ತಂದುಕೊಟ್ಟರು. “ತಗೊಳ್ಳಿ. ನಂದು ಸತ್ತೈತೆ ಅಂತ ನನಗೂ ಗೊತ್ತು. ಸುಮ್ನೆ ಬರಿಗೈಲಿ ಬರೋದು ಹೆಂಗೆ ಅಂತ ತರ್ತಿದ್ದೆ.” ಆ ತಂತಿಯಿಂದಲೇ ಹೊಂಗೆಯನ್ನು ಅಲುಗದಂತೆ ತಟ್ಟೆಗೆ ಬಿಗಿದರು.

ಆಮೇಲೆ ಮೂರು ವಾರ ತಿಪ್ಪೇಶ ದಿನಕ್ಕೆ ನಾಲ್ಕು ಸಲ ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. ಎಲೆಗಳು ಒಂದೊಂದೇ ಉದುರಿ ಬರೀ ಕಡ್ಡಿ ಉಳಿಯಿತು. ಹೆಂಡತಿ ಈ ಸಲ ಏನೂ ಕೇಳಲಿಲ್ಲ, ಅದೇ ಅವನನ್ನು ಹೆಚ್ಚು ಹೆದರಿಸಿತು. ಇಪ್ಪತ್ಮೂರನೇ ದಿನ ಬೆಳಿಗ್ಗೆ, ಸಗಣಿ ಮೆತ್ತಿದ ಜಾಗದ ಕೆಳಗೆ ಎಳ್ಳುಕಾಳಿನಷ್ಟು ಹಸಿರು ಕಂಡಿತು. “ನೋಡ್ರಿ, ನೀವು ನೋಡಿದ್ರೂ ಬಂದೈತೆ!” ಎಂದಳು ಹೆಂಡತಿ.

ಎರಡು ತಿಂಗಳಾಗಿ ಎಲೆ ಬಲಿತ ಮೇಲೆ ತಿಪ್ಪೇಶ ತಟ್ಟೆಯನ್ನು ವಿನೋಬನಗರದ ತಿರುವಿಗೆ ಒಯ್ದ. ಮರಿಯವ್ವ ಈಗ ಒಂದು ದೊಡ್ಡ ಬಣ್ಣದ ಛತ್ರಿಯ ಕೆಳಗೆ ಕೂರುತ್ತಾಳೆ. ಅವನು ತಟ್ಟೆಯನ್ನು ಮಂಡಕ್ಕಿ ಡಬ್ಬದ ಮೇಲಿಟ್ಟು, ಕಚೇರಿಗೆ ಹೇಳುವ ದನಿಯಲ್ಲೇ ಶುರುಮಾಡಿದ:

“ಅವ್ವ, ಜನ ಇಳಿದ್ರು. ಸಾಮಾನು ಇಳೀತು. ಲೈನ್ ಕ್ಲಿಯರ್ ವಾಪಸ್ ಮಾಡಾಕೆ ಬಂದೀನಿ.” ಮುಂದಿನದು ಪದ್ಧತಿಯಲ್ಲಿ ಇರಲಿಲ್ಲ. “ಅವತ್ತು ನನ್ನ ಇಳಿಸಿದ್ದು ನಿನ್ನ ಕೊಂಬಿ. ಹದಿನಾಕು ವರ್ಷ ಆತು, ನಾನು ಹೇಳಾ ಇಲ್ಲ...”

“ಮಿರ್ಚಿ ತಿಂದೀಯಲ್ಲ, ಗೊತ್ತಾತು ಬಿಡು. ಇಲ್ಲದಿದ್ರೆ ಅಷ್ಟು ಮಿರ್ಚಿ ಯಾರ್ ತಿಂತಾರ?” ಮರಿಯವ್ವ ಗಿಡದ ಸುತ್ತ ಕೈ ಆಡಿಸಿದಳು, ಮುಟ್ಟಲಿಲ್ಲ. “ಇದರ ನೆರಳಾಗ ಯಾರ್ ಕೂಡ್ರೋದಲೇ, ಇರುವೀನಾ? ತಕ್ಕಡಿ ನೇತಾಕಾಕೆ ಎಷ್ಟು ವರ್ಷ ಬೇಕು?”

“ಒಂದು ನೂರು.”

“ಆಗ್ಲಿ. ನನಗೇನು ಅವಸರ ಇಲ್ಲ.”

ಎಪ್ಪತ್ತೆರಡು ದಾಟಿದ ಮರಿಯವ್ವ ಛತ್ರಿಯ ಕಡ್ಡಿಗೆ ದೃಷ್ಟಿಗೆಂದು ಕಟ್ಟಿದ್ದ ಹಸಿಮೆಣಸಿನಕಾಯಿಗಳಲ್ಲಿ ಸಣ್ಣದೊಂದನ್ನು ಬಿಚ್ಚಿ, ದಾರದ ಸಮೇತ ಹೊಂಗೆಯ ಕೆಳಗಿನ ಕೊಂಬೆಗೆ ನೇತುಹಾಕಿದಳು. ಇಬ್ಬರೂ ಉಸಿರು ಹಿಡಿದು ನೋಡಿದರು. ಕೊಂಬೆ ಬಾಗಿತು, ತಡೆಯಿತು.