ಲ್ಯಾಬಕ್ಕನನ್ನು ಕೇಳದೆ ಬರೆದ ಅರ್ಜಿ

ನಮ್ಮ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಆಗಿದ್ದ ಹೆಂಗಸನ್ನು ನಾವೆಲ್ಲ ಲ್ಯಾಬಕ್ಕ ಅಂತ ಕರೆಯುತ್ತಿದ್ದೆವು. ಆಫೀಸಿನ ಕಡತದಲ್ಲಿ ಬೇರೆ ಹೆಸರಿತ್ತು. "ಆ ಹೆಸರು ಹಿಡಿದು ಕೂಗಿದ್ರೆ ನಾನೇ ತಿರುಗಿ ನೋಡಲ್ಲ" ಅಂತ ಅವರೇ ನಗುತ್ತಿದ್ದರು.

ಅವರು ಓದಿದ್ದು ಏಳನೇ ತರಗತಿ. ಗಂಡ ಅದೇ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದ. ಜ್ವರ ಅಂತ ಮಲಗಿದವನು ವಾರದೊಳಗೆ ಹೋಗಿಬಿಟ್ಟ. ಅನುಕಂಪದ ಆಧಾರದ ಮೇಲೆ ಆ ಕೆಲಸವನ್ನು ಹೆಂಡತಿಗೆ ಕೊಟ್ಟರು. ಆಗ ಅವರಿಗೆ ಇಪ್ಪತ್ತಾರು ವರ್ಷ. ಮಕ್ಕಳಿರಲಿಲ್ಲ. ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿ ಉಳಿದುಕೊಂಡರು. ಕೆಲಸಕ್ಕೆ ಸೇರಿದ ಮೊದಲ ದಿನವೇ ತೊಳೆಯುವಾಗ ಮೂರು ಪಿಪೆಟ್ ಮುರಿದು, ಸಿಂಕಿನ ಮುಂದೆ ಅಳುತ್ತಾ ನಿಂತಿದ್ದರಂತೆ. ಆ ಕಾಲದ ವಯಸ್ಸಾದ ಪ್ರೊಫೆಸರೊಬ್ಬರು ಬಂದು, "ಮುರಿದದ್ದು ಗಾಜು ತಾನೆ, ಕೈಯಲ್ವಲ್ಲ. ಬಾರಮ್ಮ, ಹಿಡ್ಕೊಳ್ಳೋದು ಹೇಗೆ ಅಂತ ತೋರಿಸ್ತೀನಿ" ಅಂದರಂತೆ. ಆ ಪುಣ್ಯಾತ್ಮರು ನಿವೃತ್ತರಾಗುವವರೆಗೆ, ಹನ್ನೊಂದು ವರ್ಷ, ಇವರು ನೋಡಿ ನೋಡಿಯೇ ಕಲಿತರು. ಯಾವ ದ್ರಾವಣಕ್ಕೆ ಎಷ್ಟು ತೂಕ, ಯಾವ ಬಾಟಲಿಯನ್ನು ಬಿಸಿಲಿಗೆ ಇಡಬಾರದು, ಆಸಿಡನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಸಿಡ್‌ಗೆ ಯಾಕೆ ಸುರಿಯಬಾರದು, ಎಲ್ಲ ಬಾಯಿಪಾಠ. ಬಾಟಲಿಯ ಮೇಲಿನ ಚೀಟಿ ಓದುವುದಕ್ಕಿಂತ ಮೊದಲೇ ಒಳಗಿರುವುದೇನೆಂದು ಅವರಿಗೆ ಗೊತ್ತಿರುತ್ತಿತ್ತು.

ನಾನು ಅಲ್ಲಿಗೆ ಸೇರಿದಾಗ ಲ್ಯಾಬಕ್ಕನಿಗೆ ಐವತ್ತೈದರ ಹತ್ತಿರ. ನಾವು ಅರವತ್ತನಾಲ್ಕು ಜನ. ಪಾಠ ಮಾಡಲು ಐದು ಜನ ಇರಬೇಕಿತ್ತು, ಇದ್ದವರು ಇಬ್ಬರು. ಅವರಲ್ಲೊಬ್ಬರು ಅರ್ಧ ವರ್ಷದಲ್ಲೇ ಬೇರೆ ಕಡೆ ಕೆಲಸ ಸಿಕ್ಕಿ ಹೋದರು. ಉಳಿದವರು ವಿಭಾಗದ ಮುಖ್ಯಸ್ಥರು. ಅವರಿಗೆ ನಾವಿಟ್ಟ ಹೆಸರು 'ಬರ್ಕೊಳ್ಳಿ ಸರ್'. ಪಾಠಕ್ಕೆ ಬರುತ್ತಿದ್ದುದು ಮಂಗಳವಾರ ಮಾತ್ರ. ಅಂಚು ಸವೆದ ಹಳೆಯ ನೋಟ್ಸ್ ತೆಗೆದು, ತಲೆ ಎತ್ತದೆ, "ಬರ್ಕೊಳ್ಳಿ" ಅನ್ನುತ್ತಿದ್ದರು. ಒಂದು ಸಲ ಒಂದೇ ಪುಟವನ್ನು ಎರಡು ವಾರ ಬರೆಸಿದರು. ನಾವೂ ಬರೆದುಕೊಂಡೆವು! ಪ್ರಶ್ನೆ ಕೇಳಿದರೆ, "ಮುಂದೆ ಬರುತ್ತೆ" ಅನ್ನುತ್ತಿದ್ದರು. ಆ ಮುಂದೆ ಎಂಬುದು ಬರಲೇ ಇಲ್ಲ. ಅವರೂ ಒಂದು ಕಾಲಕ್ಕೆ ಒಳ್ಳೆಯ ಮೇಷ್ಟ್ರೇ ಅಂತೆ. ನಾಲ್ಕು ಸಮಿತಿಗಳಿಗೆ ಓಡಾಡಿ, ಐದು ಜನರ ಕೆಲಸ ಹೊತ್ತು, ಎಲ್ಲೋ ದಾರಿಯಲ್ಲಿ ಆಸೆ ಬಿಟ್ಟಿದ್ದರು ಅಂತ ಈಗ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ.

ಪ್ರಾಕ್ಟಿಕಲ್ ದಿನ ಅವರು ಬಾಗಿಲಲ್ಲೇ ನಿಂತು ಹಾಜರಿ ತೆಗೆದುಕೊಂಡು ಹೊರಟುಬಿಡುತ್ತಿದ್ದರು. ಮೊದಲ ದಿನ ಬ್ಯೂರೆಟ್ಟಿನ ಉದ್ದ ಗಾಜಿನ ಕೊಳವೆಯ ಮುಂದೆ ನಾವೆಲ್ಲ ಬಿಟ್ಟ ಕಣ್ಣು ಬಿಟ್ಟ ಹಾಗೆ ನಿಂತಿದ್ದೆವು. ಲ್ಯಾಬಕ್ಕ ಮೂಲೆಯ ಸ್ಟೂಲಿನಿಂದ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಡೆಯಲಾರದೆ ಎದ್ದು ಬಂದರು.

"ಎಡಗೈಲಿ ಕೀಲು, ಬಲಗೈಲಿ ಫ್ಲಾಸ್ಕು. ಮಗುವಿನ ತೊಟ್ಟಿಲು ತೂಗಿದ ಹಾಗೆ ಆಡಿಸ್ತಾ ಇರು. ಹಾಂ, ಸಾಕು ಸಾಕು, ಇನ್ನು ಹನಿಹನಿ. ತೆಳು ಗುಲಾಬಿ ಬಂದ್ರೆ ನಿಲ್ಲಿಸ್ಬೇಕು. ಕೆಂಪಾಯ್ತೋ, ಎಲ್ಲ ಚೆಲ್ಲಿ ಮೊದಲಿಂದ ಶುರು. ನಾಚ್ಕೊಂಡ ಮುಖದಷ್ಟು ಬಣ್ಣ ಸಾಕಮ್ಮ, ಸಿಟ್ಟು ಬಂದ ಮುಖದಷ್ಟು ಬೇಡ."

ಆ ಮಾತು ಅರವತ್ತನಾಲ್ಕು ಜನರಲ್ಲಿ ಒಬ್ಬರಿಗೂ ಮರೆತಿರಲಾರದು.

ಹದಿನೇಳನೇ ಟೇಬಲ್ಲಿನಲ್ಲಿ ಒಬ್ಬ ಹುಡುಗಿ ಇದ್ದಳು. ದೂರದಿಂದ ಬಂದವಳು, ಮಾತು ಕಡಿಮೆ, ಮೊದಲ ಪರೀಕ್ಷೆಯಲ್ಲಿ ಮೂರು ಪೇಪರ್ ಹೋಗಿತ್ತು. ಯಾರಾದರೂ ದಾರಿ ಹೇಳಲಿ ಅಂತ ವಿದ್ಯಾರ್ಥಿ ಕ್ಷೇಮ ವಿಭಾಗಕ್ಕೆ ಹೋದಳು. ಅಲ್ಲಿಯ ಗುಮಾಸ್ತ ಒಂದು ಫಾರಂ ಕೊಟ್ಟು, "ತುಂಬಿಸಿ ಡಬ್ಬಿಗೆ ಹಾಕಿ, ಕರೀತಾರೆ" ಅಂದ. ಸಲಹೆಗಾರರ ಕೋಣೆಗೆ ನಾವು ಸೇರಿದಾಗಿನಿಂದಲೂ ಬೀಗ. ಅವಳು ಮೂರು ಸಲ ಫಾರಂ ತುಂಬಿಸಿದಳು. ಯಾರೂ ಕರೆಯಲಿಲ್ಲ. ಕೊನೆಗೆ ತರಗತಿಗೆ ಬರುವುದನ್ನೇ ಬಿಟ್ಟಳು. ನಮ್ಮಲ್ಲಿ ಯಾರೂ ಗಮನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಗಮನಿಸಿದ್ದು ಲ್ಯಾಬಕ್ಕ.

"ಹದಿನೇಳನೇ ಟೇಬಲ್ ಸಿಂಕು ಒಣಗಿದೆಯಲ್ಲ, ಆ ಮಗು ಎಲ್ಲಿ?" ಅಂತ ನನ್ನನ್ನು ಕೇಳಿದರು.

ನನಗೆ ಗೊತ್ತಿರಲಿಲ್ಲ. ಆ ಸಂಜೆ ಅವರು ತಮ್ಮ ಬಸ್ಸು ಬಿಟ್ಟು ಹಾಸ್ಟೆಲಿಗೆ ನಡೆದುಹೋದರು. ಅಲ್ಲಿ ಏನು ಮಾತಾಡಿದರೋ, ಸೋಮವಾರ ಹುಡುಗಿ ಮತ್ತೆ ಬಂದಳು. ಅಂದಿನಿಂದ ಪ್ರತಿ ಪ್ರಾಕ್ಟಿಕಲ್‌ಗೂ ಲ್ಯಾಬಕ್ಕನ ಸ್ಟೂಲು ಹದಿನೇಳನೇ ಟೇಬಲ್ಲಿನ ಪಕ್ಕಕ್ಕೆ ಬಂತು. ಮುಂದಿನ ಪರೀಕ್ಷೆಯಲ್ಲಿ ಅವಳು ಎರಡು ಪೇಪರ್ ಪಾಸು ಮಾಡಿಕೊಂಡಳು.

ಮೂರನೇ ವರ್ಷದ ಮೊದಲ ಸೆಮಿಸ್ಟರಿನ ಫಲಿತಾಂಶ ಬಂದಾಗ ನಲವತ್ತೊಂದು ಜನ ಮುಖ್ಯ ಪೇಪರಿನಲ್ಲೇ ಫೇಲು. ನಾವು ರೊಚ್ಚಿಗೆದ್ದೆವು. ಕ್ಯಾಂಟೀನಿನ ಹಿಂದಿನ ಕಟ್ಟೆಯ ಮೇಲೆ ಕೂತು ಕುಲಪತಿಗೆ ಅರ್ಜಿ ಬರೆಯುವುದು ಅಂತ ತೀರ್ಮಾನವಾಯಿತು. ಅಕ್ಷರ ದುಂಡಗಿದೆ, ಭಾಷೆ ಚೆನ್ನಾಗಿದೆ ಅಂತ ನನ್ನ ಕೈಗೆ ಪೆನ್ನು ಕೊಟ್ಟರು. ನನಗೂ ಒಳಗೊಳಗೇ ಹೆಮ್ಮೆ. ಖಾಲಿ ಹುದ್ದೆಗಳು, ನಡೆಯದ ಪಾಠಗಳು, ಬೀಗ ಹಾಕಿದ ಸಲಹಾ ಕೋಣೆ, ತಿದ್ದದೆ ಅಂಕ ಹಾಕಿದ ಪ್ರಾಕ್ಟಿಕಲ್ ಜರ್ನಲ್‌ಗಳು, ಎಲ್ಲ ಬರೆದೆ. ಬರೆದದ್ದೆಲ್ಲ ನಿಜ. ಆದರೆ ಕೊನೆಗೆ ಓದಿದವರ ಎದೆಗೆ ನಾಟುವಂಥದ್ದು ಏನಾದರೂ ಬೇಕು ಅನ್ನಿಸಿತು. ಹೀಗೆ ಸೇರಿಸಿದೆ: "ಮೂರು ವರ್ಷಗಳಲ್ಲಿ ನಮಗೆ ಏನಾದರೂ ಕಲಿಸಿದವರು ಒಬ್ಬರೇ, ಏಳನೇ ತರಗತಿ ಓದಿದ ಪ್ರಯೋಗಾಲಯದ ಅಟೆಂಡರ್."

ಗಟ್ಟಿಯಾಗಿ ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಐವತ್ತೆಂಟು ಜನ ಸಹಿ ಹಾಕಿದರು. ಲ್ಯಾಬಕ್ಕನನ್ನು ಒಂದು ಮಾತು ಕೇಳಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಅವರಿಗೆ ಸನ್ಮಾನವಾದೀತು ಅಂತಲೇ ನಾನು ನಂಬಿದ್ದೆ.

ಹತ್ತು ದಿನದ ಮೇಲೆ ಲ್ಯಾಬಕ್ಕ ನನ್ನನ್ನು ಸಾಮಾನು ಕೋಣೆಗೆ ಕರೆದರು. ಸೆರಗಿನಲ್ಲಿ ಸುತ್ತಿಕೊಂಡಿದ್ದ ಕಾಗದ ತೆಗೆದು ಕೊಟ್ಟರು.

"ಆಫೀಸಿಂದ ಬಂದಿದೆ. ಭಾಷೆ ಕಷ್ಟವಾಗಿದೆ, ಸ್ವಲ್ಪ ಓದಿ ಹೇಳಮ್ಮ. ತಂಗಿ ಮಗನ ಕೈಲಿ ಓದಿಸೋಕೆ ಮನಸ್ಸು ಬರ್ಲಿಲ್ಲ."

ಅದು ಮೆಮೊ. ಅರ್ಹತೆಯಿಲ್ಲದೆ, ಅಧಿಕಾರವಿಲ್ಲದೆ ವಿದ್ಯಾರ್ಥಿಗಳಿಗೆ ಅಪಾಯಕಾರಿ ರಾಸಾಯನಿಕಗಳ ಪ್ರಯೋಗ ಮಾಡಿಸಿದ್ದಕ್ಕೆ ಯಾಕೆ ಕ್ರಮ ಕೈಗೊಳ್ಳಬಾರದು ಅಂತ ಕೇಳಿದ್ದರು. ಅದಕ್ಕೆ ಆಧಾರವಾಗಿ ನನ್ನ ಸಾಲನ್ನೇ, ಒಂದಕ್ಷರ ಬಿಡದೆ, ಎತ್ತಿ ಹಾಕಿದ್ದರು. ಅದನ್ನೂ ಓದಿ ಹೇಳಿದೆ.

"ಈ ಮಾತು ಬರ್ದಿದ್ದು ಯಾರು?"

"ನಾನೇ ಅಕ್ಕ."

ಅವರು ಕಾಗದವನ್ನು ಇಸಿದುಕೊಂಡು ಮಡಚಿದರು. "ನನ್ನನ್ನ ಒಂದು ಮಾತು ಕೇಳ್ಬೋದಿತ್ತಲ್ಲಮ್ಮ" ಅಂದರು. ಆಮೇಲೆ ನನ್ನ ಮುಖ ನೋಡಿ, "ಅಳ್ಬೇಡ. ಸುಳ್ಳೇನೂ ಬರ್ದಿಲ್ಲವಲ್ಲ ನೀನು" ಅಂತ ಅವರೇ ಸಮಾಧಾನ ಮಾಡಿದರು.

ಆ ಮೆಮೊ ಮೇಲಿನ ವಿಚಾರಣೆಗೆ ಎರಡು ದಿನ ಮೊದಲು ಬರ್ಕೊಳ್ಳಿ ಸರ್ ಲ್ಯಾಬಿಗೆ ಬಂದರು. ನಾನು ಒಳಗೆ ಜರ್ನಲ್ ಬರೆಯುತ್ತಿದ್ದೆ, ಅವರು ನೋಡಲಿಲ್ಲವೋ, ನೋಡಿಯೂ ಸುಮ್ಮನಾದರೋ.

"ನೋಡೀಮ್ಮಾ, 'ನಾನು ಸಾಮಾನು ಕೊಡೋದು, ತೊಳೆಯೋದು ಅಷ್ಟೇ ಮಾಡ್ತಿದ್ದೆ, ಹುಡುಗರು ಸುಮ್ಮನೆ ಉತ್ಪ್ರೇಕ್ಷೆ ಮಾಡಿದ್ದಾರೆ' ಅಂತ ಹೇಳಿಬಿಡಿ. ವಿಷಯ ಅಲ್ಲಿಗೆ ಮುಗಿಯುತ್ತೆ. ಇನ್ನೆರಡು ವರ್ಷ ಸರ್ವೀಸು ಇದೆ ನಿಮಗೆ. ಇಲ್ಲೇ ನೆಮ್ಮದಿಯಾಗಿ ಮುಗಿಸಬಹುದು."

"ಹಾಗಂದ್ರೆ ಮಕ್ಕಳ ಅರ್ಜಿ ಏನಾಗುತ್ತೆ ಸರ್?"

ಅವರು ಹಾಜರಿ ಪುಸ್ತಕ ತೆಗೆದುಕೊಂಡು ಬಾಗಿಲ ಕಡೆ ತಿರುಗಿದರು. ಒಂದು ಮಾತು ಸುಳ್ಳೆಂದರೆ ಉಳಿದದ್ದೆಲ್ಲ ಸುಳ್ಳೇ ಅಂತ ಅರ್ಜಿಯನ್ನು ಕಸದ ಬುಟ್ಟಿಗೆ ಹಾಕುತ್ತಾರೆ ಅಂತ ಲ್ಯಾಬಕ್ಕನಿಗೂ ಗೊತ್ತಿತ್ತು.

ಸರ್ ಹೋದ ಮೇಲೆ ನಾನು ಓಡಿಬಂದು, "ಅವರು ಹೇಳಿದ ಹಾಗೇ ಹೇಳಿಬಿಡಿ ಅಕ್ಕ, ಅರ್ಜಿ ಹಾಳಾಗಿ ಹೋಗಲಿ" ಅಂದೆ.

"ಐವತ್ತೆಂಟು ಜನ ಸಹಿ ಹಾಕಿದ್ದೀರಿ. ಹಾಳಾಗಿ ಹೋಗಲಿ ಅನ್ನೋಕೆ ನೀನ್ಯಾರೇ?" ಅಂತ ಗದರಿದರು. ಅವರು ನನ್ನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ.

ವಿಚಾರಣಾ ಕೋಣೆಯ ಬಾಗಿಲಲ್ಲಿ ಕೂತಿದ್ದ ಜವಾನ ಆಮೇಲೆ ಹೇಳಿದ ಪ್ರಕಾರ, ಎಲ್ಲ ಮುಗಿಯಲು ಹತ್ತು ನಿಮಿಷವೂ ಹಿಡಿಯಲಿಲ್ಲ. ನೀವು ಕಲಿಸಿದ್ದು ಹೌದೇ ಅಂತ ಕೇಳಿದರು. "ಕಲಿಸೋಷ್ಟು ದೊಡ್ಡವಳಲ್ಲ ಸ್ವಾಮಿ. ತೋರಿಸಿದೆ. ತೋರಿಸೋರು ಬೇರೆ ಯಾರೂ ಇರ್ಲಿಲ್ಲ" ಅಂದರಂತೆ. ಅದನ್ನೇ ತಪ್ಪೊಪ್ಪಿಗೆ ಅಂತ ಬರೆದುಕೊಂಡು ಸಹಿ ಮಾಡಿಸಿದರು.

ಅರ್ಜಿ ಕಸದ ಬುಟ್ಟಿಗೆ ಹೋಗದೆ ಉಳಿಯಿತು. ಸಲಹಾ ಕೋಣೆಯ ಬೀಗ ತೆಗೆದು ಹೊಸ ಬೋರ್ಡು ಹಾಕಿ, ಒಬ್ಬ ಸಲಹೆಗಾರರನ್ನು ಕೂರಿಸಿದರು. ಒಬ್ಬ ಅತಿಥಿ ಉಪನ್ಯಾಸಕರನ್ನು ನಾಲ್ಕು ತಿಂಗಳಿಗೆ ತಂದರು. ಪಾಪ, ಆತ ಚೆನ್ನಾಗಿಯೇ ಪಾಠ ಮಾಡಿದ, ಅವಧಿ ಮುಗಿದ ಕೂಡಲೇ ಕಳಿಸಿಬಿಟ್ಟರು. ಲ್ಯಾಬಕ್ಕನನ್ನು ಆವರಣದ ಇನ್ನೊಂದು ತುದಿಯಲ್ಲಿದ್ದ ಪರೀಕ್ಷಾ ವಿಭಾಗದ ಗೋದಾಮಿಗೆ ಹಾಕಿದರು. ಹಳೆಯ ಉತ್ತರಪತ್ರಿಕೆಗಳ ಕಟ್ಟು ಎಣಿಸಿ, ಅವಧಿ ಮುಗಿದದ್ದನ್ನು ರದ್ದಿಗೆ ಬೇರೆ ಮಾಡುವ ಕೆಲಸ. ಲ್ಯಾಬಿಗೆ ಹೊಸ ಅಟೆಂಡರ್ ಬಂದ. ಬಾಗಿಲ ಮೇಲೆ ನೋಟೀಸು ಅಂಟಿಸಿದರು: ಸಿಬ್ಬಂದಿ ವಿದ್ಯಾರ್ಥಿಗಳ ಪ್ರಯೋಗದಲ್ಲಿ ಕೈ ಹಾಕತಕ್ಕದ್ದಲ್ಲ. ಅವನು ಹಾಕಲಿಲ್ಲ. ಅವನದೇನು ತಪ್ಪು?

ಹದಿನೇಳನೇ ಟೇಬಲ್ಲಿನ ಹುಡುಗಿ ಇನ್ನೊಂದು ತಿಂಗಳು ಬಂದಳು. ಹೊಸ ಸಲಹೆಗಾರರ ಹತ್ತಿರವೂ ಒಮ್ಮೆ ಹೋಗಿದ್ದಳಂತೆ, ಅವರು ಮೂರು ವಾರದ ನಂತರದ ದಿನಾಂಕ ಕೊಟ್ಟರಂತೆ. ಆ ದಿನಾಂಕ ಬರುವ ಮೊದಲೇ ಹಾಸ್ಟೆಲ್ ಖಾಲಿ ಮಾಡಿ ಊರಿಗೆ ಹೋದಳು. ಈ ಸಲ ಗಮನಿಸಿದವಳು ನಾನು. ಫೋನ್ ಮಾಡಿದೆ, "ಸಾಕಾಯ್ತು ಕಣೇ" ಅಂದಳು. ಮತ್ತೆ ಬರಲಿಲ್ಲ.

ಗೋದಾಮಿಗೆ ನಾನು ಹೋಗಿದ್ದು ಒಂದೇ ಸಲ. ಮುಖ ತೋರಿಸಲು ನಾಚಿಕೆ. ಹೋದಾಗ ಅವರು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕಟ್ಟುಗಳ ನಡುವೆ ನೆಲದ ಮೇಲೆ ಕೂತಿದ್ದರು. ಸೂರಿನವರೆಗೂ ಕಾಗದ. ಕಿಟಕಿ ಒಂದೇ, ಅದರ ಮುಂದೆಯೂ ಕಟ್ಟು.

"ನೋಡು, ಈಗ ಎಲ್ಲ ಸಬ್ಜೆಕ್ಟೂ ನನ್ನ ಕೈಲೇ ಇದೆ" ಅಂತ ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. ಆಮೇಲೆ ಕೇಳಿದ್ದು ಒಂದೇ. "ಆ ಮಗು ಬರ್ತಾ ಇದೆಯಾ?"

ಬರ್ತಿದ್ದಾಳೆ ಅಂದೆ. ಅವರಿಗೆ ಅದು ಸುಳ್ಳು ಅಂತ ಗೊತ್ತಾಯಿತೋ ಇಲ್ಲವೋ, ಒಂದು ಕಟ್ಟು ಎತ್ತಿ ಪಕ್ಕಕ್ಕಿಟ್ಟರು.

ನಾನು ಹೇಗೋ ಪಾಸಾಗಿ ಔಷಧಿ ಕಾರ್ಖಾನೆಯ ಪರೀಕ್ಷಾ ವಿಭಾಗಕ್ಕೆ ಸೇರಿದೆ. ಮೂರು ವರ್ಷದ ಮೇಲೆ ಒಂದು ಭಾನುವಾರ, ಇನ್ನು ತಡ ಮಾಡಬಾರದು ಅಂತ ವಿಳಾಸ ಹುಡುಕಿಕೊಂಡು ಅವರ ತಂಗಿಯ ಮನೆಗೆ ಹೋದೆ. ತಡವಾಗಿತ್ತು. ನಿವೃತ್ತಿಯಾಗಿ ಏಳು ತಿಂಗಳಿಗೆ ಲ್ಯಾಬಕ್ಕ ತೀರಿಕೊಂಡಿದ್ದರು. ಉಸಿರಾಟದ ತೊಂದರೆ. ತಂಗಿ ನನ್ನನ್ನು ಒಳಗೆ ಕೂರಿಸಿ ಚಹಾ ಕೊಟ್ಟರು.

"ಕೊನೇ ಎರಡು ವರ್ಷ ಅವಳು ಯಾಕೆ ಆ ಧೂಳಿಗೆ ಹೋದ್ಲೋ. ಲ್ಯಾಬಿನಲ್ಲಿ ನಿಂತೂ ನಿಂತೂ ಮಂಡಿ ನೋವು, ಕೂತು ಮಾಡೋ ಕೆಲಸ ನಾನೇ ಕೇಳಿ ಹಾಕಿಸ್ಕೊಂಡೆ ಅಂದ್ಲು. ನಾನು ಬೈದೆ ಕೂಡ, ಇದ್ದ ಒಳ್ಳೆ ಜಾಗ ಬಿಟ್ಟು ಬಂದ್ಯಲ್ಲೇ ಅಂತ."

ಅವರಿಗೆ ಏನೂ ಗೊತ್ತಿರಲಿಲ್ಲ. ಮೆಮೊ ಇಲ್ಲ, ವಿಚಾರಣೆ ಇಲ್ಲ, ಅರ್ಜಿ ಇಲ್ಲ. ಅಕ್ಕ ಮನೆಯಲ್ಲಿ ಒಂದು ಮಾತೂ ಆಡಿರಲಿಲ್ಲ.

ನಾನು ಎಲ್ಲ ಹೇಳಿದೆ. ಆ ಸಾಲನ್ನೂ ಹೇಳಿದೆ. ತಂಗಿ ಬಯ್ಯಲಿ ಅಂತ ಕಾದೆ, ಬಯ್ಯಲಿಲ್ಲ. "ಹಾಗಾದ್ರೆ ಅವಳನ್ನ ನಾನು ಸುಮ್ಸುಮ್ಮನೆ ಬೈದೆ" ಅಂದರು. ಸೆರಗಿನಿಂದ ಮುಖ ಒರೆಸಿಕೊಂಡು, ಚಹಾದ ಲೋಟ ತೆಗೆದುಕೊಂಡು ಒಳಗೆ ಹೋದರು. ಅಕ್ಕ ಇದ್ದ ಹಿಂದಿನ ಕೋಣೆಯ ಬಾಗಿಲು ತೆರೆದ ಸದ್ದು ಕೇಳಿಸಿತು. ನಾನು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ, ಆಮೇಲೆ ಹೇಳದೆ ಎದ್ದು ಬಂದೆ.